ಇಥಿಯೋಪಿಯಾದ ಕ್ರೈಸ್ತ ಸಾಮ್ರಾಜ್ಯ ಮತ್ತು 1529–1543ರ ಯುದ್ಧ: ಇದನ್ನು ಧರ್ಮಯುದ್ಧ ಎನ್ನಬಹುದೇ?

ಪ್ರಶ್ನೆ: ವಿರಾಜಪೇಟೆಯ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ತೋಟಗಳಲ್ಲಿರುವ ಅರೇಬಿಕಾ ಗಿಡದ ತವರು ಯಾವುದೆಂದು ಓದುತ್ತ ಹೋದವನು ಕಾಫಿಯನ್ನು ಬದಿಗಿಟ್ಟು ಇಥಿಯೋಪಿಯಾದ ಇತಿಹಾಸದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ನಾಲ್ಕನೆಯ ಶತಮಾನದಲ್ಲಿ, ಇಥಿಯೋಪಿಯಾದ ಪ್ರಾಚೀನ ರಾಜ್ಯವಾದ ಅಕ್ಸುಮ್‌ನ ಅರಸ ಎಜಾನಾ ಕ್ರೈಸ್ತಮತವನ್ನು ಸ್ವೀಕರಿಸಿದನೆಂದೂ, 1270ರಲ್ಲಿ ಯೆಕುನೊ ಅಮ್ಲಾಕ್ ಸ್ಥಾಪಿಸಿದ ರಾಜವಂಶವು ತನ್ನನ್ನು ಸೊಲೊಮನ್ ದೊರೆ ಮತ್ತು ಶೀಬಾದ ರಾಣಿಯ ಸಂತತಿಯೆಂದು ಕರೆದುಕೊಂಡಿತೆಂದೂ ತಿಳಿಯಿತು. ಇಷ್ಟು ಹಳೆಯದೂ ವಿಸ್ತಾರವೂ ಆದ ಸಾಮ್ರಾಜ್ಯವನ್ನು 1529ರಿಂದ 1543ರೊಳಗೆ ಅದಾಲ್ ಸುಲ್ತಾನರ ಸೀಮೆಯ ಇಮಾಮ್ ಅಹ್ಮದ್ ಇಬ್ನ್ ಇಬ್ರಾಹಿಂ ಬಹುಮಟ್ಟಿಗೆ ಆಕ್ರಮಿಸಿಕೊಂಡನು. ಕೊನೆಗೆ ಗೋವೆಯಿಂದ ಬಂದ ಪೋರ್ಚುಗೀಸರು ನೆರವಾದರು ಎಂಬಲ್ಲಿಗೆ ನನ್ನ ಓದು ನಿಂತಿದೆ.

ನನ್ನ ಸಂದೇಹ ಇದು. ಕೆಲವರು ಇದನ್ನು ಶುದ್ಧ ಧರ್ಮಯುದ್ಧವೆಂದು ಬರೆಯುತ್ತಾರೆ, ಮತ್ತೆ ಕೆಲವರು ಬರೀ ವ್ಯಾಪಾರದ ಜಗಳವೆಂದು ತಳ್ಳಿಹಾಕುತ್ತಾರೆ. ನಾವು ಶಾಲೆಯಲ್ಲಿ ಕಲಿತದ್ದು ಜೆರುಸಲೇಮಿನ ಧರ್ಮಯುದ್ಧಗಳನ್ನು ಮಾತ್ರ. ಆಫ್ರಿಕದ ಈ ಯುದ್ಧದ ಹೆಸರನ್ನೂ ಯಾರೂ ಹೇಳಿರಲಿಲ್ಲ. ಶತಮಾನಗಳ ಕಾಲ ನೆರೆಹೊರೆಯಾಗಿದ್ದವರ ನಡುವೆ ಇಷ್ಟು ಘೋರವಾದ ಕಾಳಗ ಹೇಗೆ ಹುಟ್ಟಿತು, ಸಾಮ್ರಾಜ್ಯ ಅಷ್ಟು ಬೇಗ ಏಕೆ ಕುಸಿಯಿತು ಎಂಬುದನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ. ಹದಿನೆಂಟನೆಯ ಶತಮಾನದ ಮೈಸೂರು–ಕೊಡಗು ಯುದ್ಧಗಳ ವಾದವನ್ನು ದಯವಿಟ್ಟು ಇಲ್ಲಿಗೆ ತರಬೇಡಿ. ಅದು ಒಮ್ಮೆ ಶುರುವಾದರೆ ಇಥಿಯೋಪಿಯಾ ಯಾರಿಗೂ ನೆನಪಿರುವುದಿಲ್ಲ.

ಉತ್ತರ: ಮಡಿಕೇರಿಯ ನಿವೃತ್ತ ಉಪನ್ಯಾಸಕಿ

ಒಳ್ಳೆಯ ಪ್ರಶ್ನೆ. ನೆರೆಹೊರೆಯ ಸಂಬಂಧದಿಂದಲೇ ಆರಂಭಿಸುತ್ತೇನೆ, ಏಕೆಂದರೆ 1529ರಿಂದ ಕಥೆಯನ್ನು ಶುರುಮಾಡಿದರೆ ಎರಡು ಧರ್ಮಗಳು ಮೊದಲ ದಿನದಿಂದಲೂ ಕತ್ತಿ ಹಿರಿದು ನಿಂತಿದ್ದವು ಎಂಬ ಭಾವನೆ ಬರುತ್ತದೆ. ಸುಮಾರು 615ರಲ್ಲಿ, ಮೆಕ್ಕಾದಲ್ಲಿ ಕಿರುಕುಳಕ್ಕೆ ಒಳಗಾದ ಪ್ರವಾದಿ ಮುಹಮ್ಮದರ ಅನುಯಾಯಿಗಳಲ್ಲಿ ಕೆಲವರು ಕೆಂಪು ಸಮುದ್ರವನ್ನು ದಾಟಿ ಆಶ್ರಯ ಪಡೆದದ್ದು ಇದೇ ಕ್ರೈಸ್ತ ಅಕ್ಸುಮ್‌ನಲ್ಲಿ. ಈ ಉಪಕಾರದ ಸ್ಮರಣೆ ಮುಸ್ಲಿಂ ಪರಂಪರೆಯಲ್ಲಿ ಬಹಳ ಕಾಲ ಉಳಿದಿತ್ತು.

ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯಕರವಾದುದು. ಇಥಿಯೋಪಿಯಾದ ಚರ್ಚಿನ ಮುಖ್ಯಸ್ಥನನ್ನು 'ಅಬುನ' ಎನ್ನುತ್ತಾರೆ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಆ ಪೀಠಕ್ಕೆ ಬರುತ್ತಿದ್ದವನು ಇಥಿಯೋಪಿಯಾದವನಲ್ಲ, ಅಲೆಕ್ಸಾಂಡ್ರಿಯದ ಕಾಪ್ಟಿಕ್ (ಈಜಿಪ್ಟಿನ ಕ್ರೈಸ್ತ) ಚರ್ಚಿನ ಪಿತೃಪ್ರಧಾನರು ನೇಮಿಸಿ ಕಳುಹಿಸುತ್ತಿದ್ದ ಈಜಿಪ್ಟಿನ ಸನ್ಯಾಸಿ. ಈಜಿಪ್ಟನ್ನು ಆಳುತ್ತಿದ್ದವರೋ ಮುಸ್ಲಿಂ ಸುಲ್ತಾನರು. ಅಂದರೆ ಕ್ರೈಸ್ತ ಚಕ್ರವರ್ತಿಗೆ ಒಬ್ಬ ಬಿಷಪ್ ಬೇಕಾದರೆ ಕೈರೋದ ಸುಲ್ತಾನನ ಮರ್ಜಿ ಹಿಡಿಯಬೇಕಿತ್ತು. 1443ರಲ್ಲಿ ಈಜಿಪ್ಟಿನ ಕ್ರೈಸ್ತರ ಮೇಲಾದ ಅನ್ಯಾಯವನ್ನು ಕೇಳಿ ಸಿಟ್ಟಾದ ಚಕ್ರವರ್ತಿ ಜರಾ ಯಾಕೋಬ್ ಸುಲ್ತಾನ ಜಕ್ಮಕ್‌ಗೆ ಬರೆದ ಪತ್ರದಲ್ಲಿ, ನೈಲ್ ನದಿಯ ನೀರನ್ನು ತಡೆಯುವ ಶಕ್ತಿ ತನಗಿದೆ, ದೇವರ ಭಯದಿಂದ ಮಾತ್ರ ಸುಮ್ಮನಿದ್ದೇನೆ ಎಂಬ ಅರ್ಥದ ಮಾತು ಬರುತ್ತದೆ. ತಲಕಾವೇರಿಯ ಕೆಳಗೆ ಬದುಕುವ ನಮಗೆ ಈ ಬೆದರಿಕೆಯ ತೂಕವನ್ನು ಯಾರೂ ವಿವರಿಸಬೇಕಾಗಿಲ್ಲ!

ಹೀಗೆ ಎರಡೂ ಕಡೆಯವರಿಗೆ ಪರಸ್ಪರ ಅಗತ್ಯವಿತ್ತು. ಆದರೆ ಗಡಿಯಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಎತ್ತರದ ಪ್ರಸ್ಥಭೂಮಿಯಲ್ಲಿ ಕ್ರೈಸ್ತ ಸಾಮ್ರಾಜ್ಯ, ಅದರ ಪೂರ್ವದ ಇಳಿಜಾರಿನಲ್ಲಿ ಮತ್ತು ಬಯಲಿನಲ್ಲಿ ಇಫಾತ್, ದವಾರೊ, ಬಾಲಿ, ಹದಿಯಾ ಮೊದಲಾದ ಮುಸ್ಲಿಂ ಸಂಸ್ಥಾನಗಳಿದ್ದವು. ಚಕ್ರವರ್ತಿ ಅಮ್ದಾ ಸೆಯೋನ್ (ಆಳ್ವಿಕೆ 1314–1344) ಇವುಗಳಲ್ಲಿ ಹಲವನ್ನು ಸೋಲಿಸಿ ಕಪ್ಪ ಒಪ್ಪಿಸುವಂತೆ ಮಾಡಿದನು. ಕಪ್ಪ ಕೊಡಲು ಒಪ್ಪದ ಇಫಾತ್ ರಾಜಮನೆತನದ ಒಂದು ಕವಲು ಹದಿನೈದನೆಯ ಶತಮಾನದ ಆರಂಭದಲ್ಲಿ ಇನ್ನೂ ಪೂರ್ವಕ್ಕೆ ಸರಿದು ಕಟ್ಟಿದ್ದೇ ಅದಾಲ್. ಆದ್ದರಿಂದ ಅಹ್ಮದನ ದಂಡಯಾತ್ರೆಯು ಹಿಂದಿನ ಇನ್ನೂರು ವರ್ಷಗಳ ಸೋಲಿಗೆ ಕೊಟ್ಟ ಉತ್ತರವೂ ಹೌದು. ಆಕ್ರಮಣ ಒಂದೇ ದಿಕ್ಕಿನಿಂದ ನಡೆಯಿತೆಂದು ಬರೆಯುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ.

ಉತ್ತರ: ಕುಶಾಲನಗರದ ವರ್ತಕ

ಮೇಡಂ ಅವರ ಮಾತಿಗೆ ವ್ಯಾಪಾರದ ಮಗ್ಗುಲನ್ನು ಸೇರಿಸುತ್ತೇನೆ. ಸಾಮ್ರಾಜ್ಯಕ್ಕೆ ಚಿನ್ನ, ದಂತ, ಗುಲಾಮರು, ಪುನುಗು ಎಲ್ಲವೂ ಇದ್ದವು. ಆದರೆ ಇವನ್ನು ಕಡಲಿಗೆ ಸಾಗಿಸುವ ಮುಖ್ಯ ಮಾರ್ಗವೊಂದು ಜೈಲಾ ಬಂದರಿಗೆ ಹೋಗುತ್ತಿತ್ತು, ಆ ದಾರಿಯೂ ಬಂದರೂ ಮುಸ್ಲಿಂ ವರ್ತಕರ ಕೈಯಲ್ಲಿದ್ದವು. ನಮ್ಮ ಗುಜರಾತಿನ ಖಂಭಾತದ ಬಟ್ಟೆ ಅಲ್ಲಿಗೆ ತಲುಪುತ್ತಿದ್ದುದು ಇದೇ ಬಂದರುಗಳ ಮೂಲಕ. ಸಂತೆಯ ಮೇಲೆ ಹಿಡಿತವಿಲ್ಲದ ಅರಸನು ದಾರಿಯ ಮೇಲೆ ಹಿಡಿತಕ್ಕಾಗಿ ಸೈನ್ಯ ಕಳುಹಿಸುತ್ತಾನೆ. ದಾರಿಯನ್ನು ಕಳೆದುಕೊಳ್ಳಲು ಇಷ್ಟವಿಲ್ಲದವರು ತಿರುಗಿ ಬೀಳುತ್ತಾರೆ. ಇದಕ್ಕೆ ಧರ್ಮದ ಹೆಸರು ಆಮೇಲೆ ಬಂದು ಸೇರಿಕೊಳ್ಳುತ್ತದೆ ಎಂಬುದು ನನ್ನ ಅಭಿಪ್ರಾಯ.

ರಾಣಿ ಎಲೆನಿಯ ಉದಾಹರಣೆಯನ್ನೇ ನೋಡಿ. ಆಕೆ ಹದಿಯಾದ ಮುಸ್ಲಿಂ ಅರಸನ ಮಗಳಾಗಿ ಹುಟ್ಟಿ, ಕ್ರೈಸ್ತ ಸಾಮ್ರಾಜ್ಯದ ರಾಣಿಯಾಗಿ, 1508ರಲ್ಲಿ ಬಾಲಕ ಲೆಬ್ನಾ ಡೆಂಗೆಲ್ ಪಟ್ಟಕ್ಕೆ ಬಂದಾಗ ಅವನ ಪರವಾಗಿ ರಾಜ್ಯಭಾರ ನಡೆಸಿದಳು. ಪೋರ್ಚುಗಲ್ಲಿನ ಅರಸನಿಗೆ ಮೈತ್ರಿಯ ಪತ್ರ ಬರೆಸಿ, ಮತೇಯುಸ್ ಎಂಬ ದೂತನ ಕೈಯಲ್ಲಿ ಕಳುಹಿಸಿದವಳೂ ಆಕೆಯೇ. ಆ ದೂತನು 1512ರಲ್ಲಿ ಗೋವೆಗೆ ಬಂದು ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕನನ್ನು ಕಂಡು, ಅಲ್ಲಿಂದ ಲಿಸ್ಬನ್ನಿಗೆ ಹೋದನು. ಮುಸ್ಲಿಂ ಅರಸನ ಮಗಳೇ ಕ್ರೈಸ್ತ ನೌಕಾಬಲವನ್ನು ಕೆಂಪು ಸಮುದ್ರಕ್ಕೆ ಕರೆಯುವ ಈ ಸನ್ನಿವೇಶವನ್ನು 'ಎರಡು ಧರ್ಮಗಳ ಯುದ್ಧ' ಎಂಬ ಚೌಕಟ್ಟಿನಲ್ಲಿ ಎಲ್ಲಿ ಇಡುತ್ತೀರಿ?

ಉತ್ತರ: ಪೊನ್ನಂಪೇಟೆಯ ಓದುಗ

ವರ್ತಕರ ವಾದವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಧರ್ಮವು ಆಮೇಲೆ ಬಂದು ಸೇರಿಕೊಂಡ ಹೆಸರು ಎಂಬ ಮಾತು, ಆ ಯುದ್ಧದಲ್ಲಿ ಸತ್ತವರ ಮತ್ತು ಕೊಂದವರ ಮನಸ್ಸನ್ನು ನಾವು ಅವರಿಗಿಂತ ಚೆನ್ನಾಗಿ ಬಲ್ಲೆವು ಎಂಬಂತಿದೆ.

ಜೈಲಾದ ಮಹ್ಫೂಜ್ ಎಂಬ ಅಧಿಪತಿಯು ವರ್ಷವರ್ಷವೂ ದಾಳಿಗೆ ಆರಿಸಿಕೊಳ್ಳುತ್ತಿದ್ದ ಕಾಲ ಯಾವುದೆಂದರೆ ಕ್ರೈಸ್ತರ ತಪಸ್ಸುಕಾಲ. ದೀರ್ಘ ಉಪವಾಸದಿಂದ ಸೈನಿಕರು ಬಳಲಿರುವ ಹೊತ್ತು. ಯುವಕ ಲೆಬ್ನಾ ಡೆಂಗೆಲ್ ಅವನನ್ನು ಯುದ್ಧದಲ್ಲಿ ಸೋಲಿಸಿದನು, ಮಹ್ಫೂಜ್ ಅಲ್ಲಿಯೇ ಸತ್ತನು. 1517ರಲ್ಲಿ ಪೋರ್ಚುಗೀಸರು ಜೈಲಾಕ್ಕೆ ಬೆಂಕಿಯಿಟ್ಟರು. ಇಲ್ಲಿಗೆ ಅಪಾಯ ಮುಗಿಯಿತೆಂದು ಆಸ್ಥಾನ ನಂಬಿದಂತೆ ಕಾಣುತ್ತದೆ. 1520ರಲ್ಲಿ ಬಂದ ಪೋರ್ಚುಗೀಸ್ ರಾಯಭಾರಿಗಳನ್ನು ಆರು ವರ್ಷ ಅಲ್ಲಿಯೇ ಉಳಿಸಿಕೊಂಡು ಕಳುಹಿಸಿದರೂ ಅವರಿಂದ ಬಂದೂಕಿನ ವಿದ್ಯೆಯನ್ನು ಸರಿಯಾಗಿ ಪಡೆದುಕೊಳ್ಳಲಿಲ್ಲ. ನನ್ನ ದೃಷ್ಟಿಯಲ್ಲಿ ಸಾಮ್ರಾಜ್ಯದ ಕುಸಿತಕ್ಕೆ ಈ ಉದಾಸೀನವೇ ದೊಡ್ಡ ಕಾರಣ.

ಮಹ್ಫೂಜನ ಮಗಳು ಬಾತಿ ದೆಲ್ ವಂಬರಾಳನ್ನು ಮದುವೆಯಾದವನೇ ಅಹ್ಮದ್. ಎಡಗೈ ಬಳಸುತ್ತಿದ್ದುದರಿಂದ ಕ್ರೈಸ್ತರು ಅವನನ್ನು 'ಗ್ರಾನ್' ಎಂದು ಕರೆದರು. ಅವನು ಅದಾಲ್‌ನ ರಾಜಧಾನಿ ಹರಾರ್‌ನಲ್ಲಿ ತನ್ನ ಕೈಗೆ ಅಧಿಕಾರವನ್ನು ತೆಗೆದುಕೊಂಡು, ಚದುರಿಹೋಗಿದ್ದ ಸೊಮಾಲಿ, ಅಫಾರ್ ಮತ್ತು ಹರಾರ್‌ನ ಜನರನ್ನು ಒಂದು ಪತಾಕೆಯಡಿ ತಂದದ್ದು ಜಿಹಾದಿನ ಕರೆಯಿಂದ. ಒಬ್ಬೊಬ್ಬ ಮುಖಂಡನಿಗೂ ತನ್ನದೇ ವೈರ, ತನ್ನದೇ ಲಾಭ ಇದ್ದ ನಾಡಿನಲ್ಲಿ ಬರೀ ವ್ಯಾಪಾರದ ಆಸೆ ಈ ಕೆಲಸವನ್ನು ಮಾಡುತ್ತಿರಲಿಲ್ಲ. 1529ರ ಮಾರ್ಚಿನಲ್ಲಿ ಶಿಂಬ್ರಾ ಕುರೆಯಲ್ಲಿ, ತನ್ನ ಸೈನ್ಯಕ್ಕಿಂತ ಬಹಳ ದೊಡ್ಡದಾದ ಚಕ್ರವರ್ತಿಯ ಸೈನ್ಯವನ್ನು ಅವನು ಮುರಿದನು. ಮುಂದೆ ದೆಬ್ರೆ ಲಿಬಾನೋಸ್ ಮಠ ಸುಟ್ಟುಹೋಯಿತು. ಅರಸರಿಗೆ ಪಟ್ಟಾಭಿಷೇಕ ನಡೆಯುತ್ತಿದ್ದ ಅಕ್ಸುಮ್‌ನ ಮರಿಯಮ್ಮನ ಚರ್ಚ್ ನಾಶವಾಯಿತು. ಹಸ್ತಪ್ರತಿಗಳೂ ಬಂಗಾರದ ಪೂಜಾಪಾತ್ರೆಗಳೂ ಲೂಟಿಯಾದವು. ಊರೂರೇ ಮತಾಂತರಗೊಂಡಿತು. ಹಾಗೆ ಹೋದವರು ಯುದ್ಧದ ನಂತರ ಮರಳಿದಾಗ ಅವರನ್ನು ಪ್ರಾಯಶ್ಚಿತ್ತ ಮಾಡಿಸಿ ಸೇರಿಸಿಕೊಳ್ಳಲು ಚರ್ಚ್ ಪ್ರತ್ಯೇಕ ಪ್ರಾರ್ಥನಾವಿಧಿಯನ್ನೇ ಬಳಸಬೇಕಾಯಿತು. ಇದು ಧರ್ಮಯುದ್ಧವಲ್ಲದಿದ್ದರೆ ಯಾವುದು?

ಲೆಬ್ನಾ ಡೆಂಗೆಲ್ ಬೆಟ್ಟದಿಂದ ಬೆಟ್ಟಕ್ಕೆ ಓಡುತ್ತ, 1540ರಲ್ಲಿ ದೆಬ್ರೆ ದಾಮೊದಲ್ಲಿ ತೀರಿಕೊಂಡನು. ಅದು ಸುತ್ತಲೂ ಕಡಿದಾದ ಬಂಡೆಯ ನೆತ್ತಿಯ ಮೇಲಿರುವ ಮಠ. ಇಂದಿಗೂ ಅದಕ್ಕೆ ಹಗ್ಗ ಹಿಡಿದೇ ಹತ್ತಬೇಕು.

ಮರುಪ್ರಶ್ನೆ: ವಿರಾಜಪೇಟೆಯ ಬೆಳೆಗಾರ

ಮೂವರಿಗೂ ಕೃತಜ್ಞತೆಗಳು. ಹಾಗಾದರೆ ಪೋರ್ಚುಗೀಸರು ಬಾರದಿದ್ದರೆ ಸಾಮ್ರಾಜ್ಯ ಉಳಿಯುತ್ತಿರಲಿಲ್ಲವೇ? ಗೆದ್ದ ಮೇಲೆ ಅವರು ಕೇಳಿದ ಬೆಲೆ ಏನು? ಅದಾಲ್ ಏನಾಯಿತು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಮಡಿಕೇರಿಯ ನಿವೃತ್ತ ಉಪನ್ಯಾಸಕಿ

ಗೋವೆಯಲ್ಲಿ ಗವರ್ನರ್ ಆಗಿದ್ದ ಎಸ್ತೆವಾಂವ್ ದ ಗಾಮಾ 1541ರಲ್ಲಿ ಕೆಂಪು ಸಮುದ್ರಕ್ಕೆ ನೌಕಾದಂಡನ್ನು ಒಯ್ದನು. ತನ್ನ ತಮ್ಮ ಕ್ರಿಸ್ಟೋವಾಂವ್‌ನ ಕೈಕೆಳಗೆ ಸುಮಾರು 400 ಬಂದೂಕುದಾರರನ್ನು ಮಸ್ಸಾವಾದಲ್ಲಿ ಇಳಿಸಿದನು. ಇಬ್ಬರೂ ಕಲ್ಲಿಕೋಟೆಗೆ ಬಂದಿದ್ದ ವಾಸ್ಕೋ ಡ ಗಾಮಾನ ಮಕ್ಕಳು. ವಿಧವೆ ರಾಣಿ ಸಬ್ಲಾ ವೆಂಗೆಲ್ ದೆಬ್ರೆ ದಾಮೊದಿಂದ ಇಳಿದು ಬಂದು ಈ ದಂಡನ್ನು ಕೂಡಿಕೊಂಡಳು. ಅವಳು ಜೊತೆಗಿದ್ದುದರಿಂದಲೇ ಊರಿನವರು ಪರದೇಶಿಗಳಿಗೆ ಆಹಾರವನ್ನೂ ಹೇಸರಗತ್ತೆಗಳನ್ನೂ ಕೊಟ್ಟರೆಂಬುದನ್ನು ಮರೆಯಬಾರದು.

1542ರ ಏಪ್ರಿಲ್‌ನ ಎರಡು ಕಾಳಗಗಳಲ್ಲಿ ಅಹ್ಮದ್ ಸೋತು ಗಾಯಗೊಂಡನು. ಆಗ ಅವನು ಯೆಮನ್‌ನಲ್ಲಿದ್ದ ಆಟೋಮನ್ ತುರ್ಕರಿಂದ ನೂರಾರು ಬಂದೂಕುದಾರರನ್ನೂ ಫಿರಂಗಿಗಳನ್ನೂ ತರಿಸಿಕೊಂಡನು. ಆಗಸ್ಟ್‌ನಲ್ಲಿ ವೊಫ್ಲಾದಲ್ಲಿ ಪೋರ್ಚುಗೀಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತರು. ಸೆರೆಸಿಕ್ಕ ಕ್ರಿಸ್ಟೋವಾಂವ್‌ನ ತಲೆ ಕಡಿಯಲಾಯಿತು. ಇಲ್ಲಿ ಅಹ್ಮದ್ ಯುದ್ಧ ಮುಗಿಯಿತೆಂದು ಭಾವಿಸಿ ತುರ್ಕರಲ್ಲಿ ಹೆಚ್ಚಿನವರನ್ನು ವಾಪಸು ಕಳುಹಿಸಿಬಿಟ್ಟನು. ಅಷ್ಟರಲ್ಲಿ ಲೆಬ್ನಾ ಡೆಂಗೆಲ್‌ನ ಮಗ ಗೆಲಾವ್ಡೆವೊಸ್ ದಕ್ಷಿಣದಿಂದ ಬಂದು ಉಳಿದ ಪೋರ್ಚುಗೀಸರನ್ನು ಸೇರಿಸಿಕೊಂಡು, 1543ರ ಫೆಬ್ರವರಿಯಲ್ಲಿ ತಾನಾ ಸರೋವರದ ಸಮೀಪದ ವೈನಾ ದಗಾದಲ್ಲಿ ಎದುರಾದನು. ಇಮಾಮ್ ಗುಂಡೇಟಿಗೆ ಸತ್ತನು. ನಾಯಕ ಬಿದ್ದ ಕೂಡಲೇ ಅವನ ಸೈನ್ಯ ಕರಗಿಹೋಯಿತು. ಒಬ್ಬ ವ್ಯಕ್ತಿಯ ಸಾವಿನಿಂದ ಹದಿನಾಲ್ಕು ವರ್ಷಗಳ ಗೆಲುವು ಇಲ್ಲವಾದದ್ದು, ಅದು ಎಷ್ಟರಮಟ್ಟಿಗೆ ಆ ವ್ಯಕ್ತಿಯನ್ನೇ ನೆಚ್ಚಿಕೊಂಡಿತ್ತು ಎಂಬುದನ್ನು ತೋರಿಸುತ್ತದೆ. ಆದ್ದರಿಂದ ಪೋರ್ಚುಗೀಸರು ಬೇಕಿದ್ದರು ನಿಜ, ಆದರೆ ಅವರೇ ಉಳಿಸಿದರು ಎನ್ನುವುದು ಗೋವೆಯ ಕಡೆಯಿಂದ ನೋಡಿದ ಚಿತ್ರ.

ಬೆಲೆಯ ವಿಷಯ. ಬಂದೂಕಿನವರ ಹಿಂದೆಯೇ ಜೆಸೂಯಿಟ್ ಪಾದ್ರಿಗಳು ಬಂದರು. ಇಥಿಯೋಪಿಯಾದ ಚರ್ಚ್ ರೋಮಿನ ಪೋಪರಿಗೆ ಒಳಪಡಬೇಕೆಂಬುದು ಅವರ ಆಗ್ರಹ. ಗೆಲಾವ್ಡೆವೊಸ್ ಒಪ್ಪಲಿಲ್ಲ. ತನ್ನ ಜನರ ವಿಶ್ವಾಸವನ್ನು ಸಮರ್ಥಿಸಿ ಬಹಳ ಸಮಾಧಾನದ ಧಾಟಿಯಲ್ಲಿ ಬರೆದ ಘೋಷಣೆಯೊಂದನ್ನು ಅವನು ಪ್ರಕಟಿಸಿದನು. ಆದರೆ ಸುಸೆನ್ಯೋಸ್ ಚಕ್ರವರ್ತಿ 1622ರಲ್ಲಿ ಬಹಿರಂಗವಾಗಿ ಕ್ಯಾಥೊಲಿಕನಾದನು. ಅನಂತರ ಬಂದ ಅಫೊನ್ಸೊ ಮೆಂಡೆಸ್ ಎಂಬ ಪಿತೃಪ್ರಧಾನನು ಜನರಿಗೆ ಮತ್ತೆ ದೀಕ್ಷಾಸ್ನಾನ, ಪಾದ್ರಿಗಳಿಗೆ ಮತ್ತೆ ಅಭಿಷೇಕ ಆಗಬೇಕೆಂದನು. ಶತಮಾನಗಳಿಂದ ನಡೆದುಬಂದಿದ್ದ ಸುನ್ನತಿಯನ್ನೂ ಶನಿವಾರದ ಆಚರಣೆಯನ್ನೂ ನಿಷೇಧಿಸಿದನು. ರೈತರು ದಂಗೆ ಎದ್ದರು. 1632ರಲ್ಲಿ ತನ್ನದೇ ಪ್ರಜೆಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದು ಗೆದ್ದ ಸುಸೆನ್ಯೋಸ್, ಆ ಗೆಲುವಿನ ಬಳಿಕ ಹಳೆಯ ವಿಶ್ವಾಸವನ್ನೇ ಮರಳಿ ಜಾರಿಗೆ ತಂದು, ಮಗ ಫಾಸಿಲಿದೆಸ್‌ನಿಗೆ ಸಿಂಹಾಸನ ಬಿಟ್ಟುಕೊಟ್ಟನು. ಮಗ ಜೆಸೂಯಿಟರನ್ನು ಹೊರಹಾಕಿದನು.

ಪೊನ್ನಂಪೇಟೆಯವರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಅಹ್ಮದನ ಯುದ್ಧ ಧರ್ಮಯುದ್ಧವೇ, ಅನುಮಾನವಿಲ್ಲ. ಆದರೆ ಅದರಲ್ಲಿ ನೆಲ, ದಾರಿ, ಕಪ್ಪ, ಹಳೆಯ ಸೋಲು ಎಲ್ಲವೂ ಬೆರೆತಿದ್ದವು. ನೆಲಕ್ಕಾಗಿ ಅಲ್ಲದೆ ದೇವರನ್ನು ಹೇಗೆ ಪೂಜಿಸಬೇಕೆಂಬ ಒಂದೇ ಕಾರಣಕ್ಕೆ ಆ ನಾಡು ರಕ್ತ ಹರಿಸಿದ್ದು 1632ರಲ್ಲಿ, ಕ್ರೈಸ್ತರೂ ಕ್ರೈಸ್ತರೂ ಎದುರಾದಾಗ.

ಉತ್ತರ: ಕುಶಾಲನಗರದ ವರ್ತಕ

ಮೇಡಂ ಅವರ ಕೊನೆಯ ಮಾತನ್ನು ಒಪ್ಪುತ್ತೇನೆ. ಈ ಯುದ್ಧಗಳಲ್ಲಿ ಎರಡೂ ಕಡೆ ಸೆರೆಸಿಕ್ಕವರಲ್ಲಿ ಅನೇಕರು ಗುಲಾಮರಾಗಿ ಕಡಲು ದಾಟಿದರು ಎಂಬುದನ್ನೂ ಸೇರಿಸಬೇಕು. ದಖ್ಖನ್ನಿನ ಹಬ್ಶಿಗಳು, ಅಂದರೆ ಇಥಿಯೋಪಿಯಾ ಕಡೆಯ ಮೂಲದವರು, ಆ ವ್ಯಾಪಾರದ ಮೂಲಕ ಬಂದವರು. ಅಹಮದ್‌ನಗರವನ್ನು ಮೊಗಲರಿಂದ ವರ್ಷಗಟ್ಟಲೆ ಕಾಪಾಡಿದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದವನು. ನಮ್ಮ ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಮಂತ್ರಿಯಾದ ಇಖ್ಲಾಸ್ ಖಾನ್ ಕೂಡ ಹಬ್ಶಿ.

ಬೆಳೆಗಾರರು ಕಾಫಿಯಿಂದ ಆರಂಭಿಸಿದ್ದರಿಂದ ಇದೊಂದು ಮಾತು: ಆ ನಾಡಿನ ಕ್ರೈಸ್ತರು ಬಹುಕಾಲ ಕಾಫಿಯನ್ನು ಮುಸ್ಲಿಮರ ಪಾನೀಯವೆಂದು ದೂರವಿಟ್ಟಿದ್ದರು, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಆ ನಿಷೇಧ ಸಡಿಲವಾಯಿತು.

ಉತ್ತರ: ಪೊನ್ನಂಪೇಟೆಯ ಓದುಗ

ಅದಾಲ್ ಬಗ್ಗೆ ಉಳಿದದ್ದನ್ನು ಹೇಳಿಬಿಡುತ್ತೇನೆ. ಅಹ್ಮದನ ಸೋದರಳಿಯ ನೂರ್ ಇಬ್ನ್ ಮುಜಾಹಿದ್ ಹರಾರ್‌ನ ಅಧಿಪತಿಯಾಗಿ, ವಿಧವೆ ಬಾತಿ ದೆಲ್ ವಂಬರಾಳನ್ನು ಮದುವೆಯಾಗಿ, 1559ರ ಕಾಳಗದಲ್ಲಿ ಗೆಲಾವ್ಡೆವೊಸ್‌ನನ್ನು ಕೊಂದು ಸೇಡು ತೀರಿಸಿಕೊಂಡನು. ಆದರೆ ಆ ಗೆಲುವಿನಿಂದ ಅವನಿಗೆ ಒಂದು ಮೊಳ ನೆಲವೂ ದಕ್ಕಲಿಲ್ಲ. ಎರಡೂ ಸೈನ್ಯಗಳು ಬಳಲಿದ್ದ ಹೊತ್ತಿಗೆ ದಕ್ಷಿಣದಿಂದ ಓರೋಮೊ ಜನರು ತಮ್ಮ ದನಕರುಗಳೊಂದಿಗೆ ಮೇಲೇರಿ ಬರುತ್ತಿದ್ದರು. ಬಾಲಿ, ದವಾರೊ ಮೊದಲಾದ, ಇನ್ನೂರು ವರ್ಷ ಎರಡು ಧರ್ಮದವರೂ ಬಡಿದಾಡಿದ ಸೀಮೆಗಳಲ್ಲಿ ಬಹುಪಾಲು ಅವರ ವಶವಾಯಿತು. ಹರಾರ್‌ನ ಸುತ್ತ ಇಂದಿಗೂ ನಿಂತಿರುವ ಕೋಟೆಯನ್ನು ನೂರ್ ಕಟ್ಟಿಸಿದ್ದು ಈ ಓರೋಮೊ ದಾಳಿಗಳಿಗೆ ಹೆದರಿ. 1577ರಲ್ಲಿ ಅದಾಲ್‌ನ ರಾಜಧಾನಿಯನ್ನೇ ಹರಾರ್‌ನಿಂದ ಔಸ್ಸಾ ಎಂಬ ಮರಳುಗಾಡಿನ ಓಯಸಿಸ್‌ಗೆ ಸಾಗಿಸಲಾಯಿತು.