ಲಸಿಕೆ, ದನ, ಹಕ್ಕಿ: ಮಂಗನ ಕಾಯಿಲೆಯ ಸಂಶೋಧನೆಗಳ ಬಗ್ಗೆ ನಮ್ಮ ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ಗಣಿತ ಶಿಕ್ಷಕರು, ಸಾಗರ ತಾಲೂಕು):

ಡಾಕ್ಟರಿಗೆ ನಮಸ್ಕಾರ. ಶರಾವತಿ ಹಿನ್ನೀರಿನ ಕಡೆಯ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. 2019ರಲ್ಲಿ ಅರಳಗೋಡು ಭಾಗದಲ್ಲಿ ಮಂಗನ ಕಾಯಿಲೆ ಹಬ್ಬಿದಾಗ ನಮ್ಮ ಹತ್ತಿರದ ಬಂಧುಗಳಲ್ಲಿ ಇಬ್ಬರು ಆಸ್ಪತ್ರೆ ಸೇರಿದ್ದರು. ಇಬ್ಬರೂ ಅದಕ್ಕೆ ಮೊದಲು ಎರಡೆರಡು ಸಲ ಲಸಿಕೆ ಹಾಕಿಸಿಕೊಂಡವರು. ಆ ನೋವು ಮನಸ್ಸಿನಲ್ಲಿ ಉಳಿದಿದ್ದರಿಂದ ಈಚೆಗೆ ಈ ಲಸಿಕೆಯ ಬಗೆಗಿನ ಮೂರು ಸಂಶೋಧನಾ ಪ್ರಬಂಧಗಳ ಸಾರಾಂಶಗಳನ್ನು ಓದಿದೆ. 1994ರ ಪ್ರಬಂಧವು ಎರಡು ಡೋಸ್ ಪಡೆದವರಲ್ಲಿ ಲಸಿಕೆಯ ಪರಿಣಾಮ ಶೇ. 93.5 ಎನ್ನುತ್ತದೆ. 2013ರ ಪ್ರಬಂಧದಲ್ಲಿ ಅದು ಶೇ. 62.4 ಆಗಿದೆ. 2015ರ ಪ್ರಬಂಧವು ಪರಿಣಾಮ ಕಡಿಮೆ ಎಂದೇ ಹೇಳುತ್ತದೆ. ಲಸಿಕೆ ಒಂದೇ, ಕಾಯಿಲೆ ಒಂದೇ, ಜಿಲ್ಲೆಯೂ ಬಹುಮಟ್ಟಿಗೆ ಒಂದೇ. ಹೀಗಿರುವಾಗ ಯಾವ ಸಂಖ್ಯೆಯನ್ನು ನಂಬಬೇಕು? ಮೊದಲಿನವರು ಲೆಕ್ಕ ತಪ್ಪಿದ್ದರೇ?

ಉತ್ತರ (ಸಮುದಾಯ ವೈದ್ಯಶಾಸ್ತ್ರ ತಜ್ಞರು, ಶಿವಮೊಗ್ಗ):

ಮೇಷ್ಟ್ರೇ, ಯಾರೂ ಲೆಕ್ಕ ತಪ್ಪಿದ್ದಾರೆಂದು ನನಗೆ ಅನ್ನಿಸುವುದಿಲ್ಲ. ಮೂರೂ ಪ್ರಬಂಧಗಳು ಮೂರು ಬೇರೆ ಕಾಲದ, ಬೇರೆ ಜನರ, ಬೇರೆ ರೀತಿಯಲ್ಲಿ ಲಸಿಕೆ ಪಡೆದವರ ಕತೆ ಹೇಳುತ್ತವೆ.

ಮೊದಲು ಶೇ. 62.4 ಎಂದರೆ ಏನು ಎಂಬುದನ್ನು ತಿಳಿಯಾಗಿಸಿಕೊಳ್ಳೋಣ. ನೂರು ಜನ ಚುಚ್ಚಿಸಿಕೊಂಡರೆ 62 ಜನರಿಗೆ ಕಾಯಿಲೆ ಬರುವುದೇ ಇಲ್ಲ, ಉಳಿದ 38 ಜನರಿಗೆ ಬಂದೇ ಬರುತ್ತದೆ ಎಂದು ಅನೇಕರು ಓದಿಕೊಳ್ಳುತ್ತಾರೆ, ಅದು ತಪ್ಪು. ಲೆಕ್ಕಕ್ಕಾಗಿ ಊಹಿಸಿಕೊಳ್ಳಿ: ಲಸಿಕೆ ಪಡೆಯದ ಸಾವಿರ ಜನರಲ್ಲಿ 10 ಮಂದಿಗೆ ಕಾಯಿಲೆ ಬಂತು, ಅಂಥದೇ ಊರುಗಳಲ್ಲಿ ಲಸಿಕೆ ಪಡೆದ ಸಾವಿರ ಜನರಲ್ಲಿ ಸುಮಾರು 4 ಮಂದಿಗೆ ಬಂತು. ಹತ್ತು ನಾಲ್ಕಕ್ಕೆ ಇಳಿದದ್ದೇ ಆ ಶೇ. 62. ನಿಮ್ಮ ಬಂಧುಗಳಿಬ್ಬರು ಆ ನಾಲ್ವರಂಥವರು. ಅವರಿಗೆ ಕಾಯಿಲೆ ಬಂದದ್ದು ಲಸಿಕೆ ಪೂರ್ತಿ ನಿರರ್ಥಕ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ನಿಮ್ಮ ಮನೆಯ ಮಟ್ಟಿಗೆ ಈ ಮಾತು ಸಮಾಧಾನ ಕೊಡುವುದಿಲ್ಲವೆಂಬುದೂ ನನಗೆ ತಿಳಿದಿದೆ.

ಇನ್ನು ನೀವು ಗಣಿತದವರಾದ್ದರಿಂದ ಒಂದು ಮುಖ್ಯ ವಿಷಯ. 2013ರ ಪ್ರಬಂಧದಲ್ಲಿ ಶೇ. 62.4ರ ಪಕ್ಕದಲ್ಲೇ ಒಂದು ವ್ಯಾಪ್ತಿಯನ್ನೂ ಕೊಟ್ಟಿದ್ದಾರೆ: ಸುಮಾರು 26ರಿಂದ 81ರವರೆಗೆ. ಕೈಯಲ್ಲಿದ್ದ ದತ್ತಾಂಶದಿಂದ ನಿಜವಾದ ಪರಿಣಾಮವು ಈ ಅಂತರದಲ್ಲಿ ಎಲ್ಲೋ ಇರಬಹುದು ಎಂದಷ್ಟೇ ಹೇಳಲು ಸಾಧ್ಯ ಎಂದು ಅದರ ಅರ್ಥ. ಪತ್ರಿಕೆಗೆ ಬರುವಾಗ ಮಧ್ಯದ ಸಂಖ್ಯೆ ಬರುತ್ತದೆ, ವ್ಯಾಪ್ತಿ ಬಿಟ್ಟುಹೋಗುತ್ತದೆ. ನನಗೆ ಕೇಳಿದರೆ, ಸಾರಾಂಶದಲ್ಲಿ ಮೊದಲು ಓದಬೇಕಾದದ್ದು ಆ ವ್ಯಾಪ್ತಿಯನ್ನೇ. ಅದೇ ಪ್ರಬಂಧದಲ್ಲಿ ಎರಡು ಡೋಸ್‌ಗಳ ಮೇಲೆ ಬೂಸ್ಟರ್ ಕೂಡ ಪಡೆದವರ ಸಂಖ್ಯೆ ಶೇ. 82.9 ಇದೆ, ಅದರ ವ್ಯಾಪ್ತಿ ಸುಮಾರು 71ರಿಂದ 90. ವ್ಯಾಪ್ತಿ ಕಿರಿದಾಗಿರುವುದರಿಂದ ಇದು ಹೆಚ್ಚು ಭರವಸೆಯ ಅಂದಾಜು.

ಹಾಗಾದರೆ ಸಂಖ್ಯೆ ಇಳಿದದ್ದೇಕೆ? 1990ರ ದಶಕದ ಆರಂಭದಲ್ಲಿ ಮೂರು ಜಿಲ್ಲೆಗಳಲ್ಲಿ ಲಸಿಕೆಯನ್ನು ಹೊಸದಾಗಿ ಕೊಟ್ಟು ಪರೀಕ್ಷಿಸಿದಾಗಿನ ಸನ್ನಿವೇಶ ಒಂದು. 2005ರಿಂದ 2010ರವರೆಗಿನ ದಾಖಲೆಗಳನ್ನು ಹಿಂದಿರುಗಿ ನೋಡಿ ಲೆಕ್ಕ ಹಾಕಿದ ಸನ್ನಿವೇಶ ಇನ್ನೊಂದು. ಈ ಲಸಿಕೆಯ ರಕ್ಷಣೆ ಬೇಗ ಕುಗ್ಗುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ಪ್ರತಿವರ್ಷವೂ ಒಂದೊಂದು ಎಂಬ ಕ್ರಮವನ್ನು ತೋಟದ ಕೆಲಸದ ನಡುವೆ ಎಷ್ಟು ಜನ ಪೂರೈಸಿಯಾರು? ಚುಚ್ಚಿದ ಜಾಗದ ಉರಿ ನೋವಿಗೆ ಹೆದರಿ ಎರಡನೆಯ ಡೋಸ್‌ಗೇ ಬಾರದವರು ಇದ್ದರು. ಜೊತೆಗೆ, ರೋಗ ಕಂಡ ಜಾಗದ ಸುತ್ತಲಿನ 5 ಕಿಲೋಮೀಟರ್ ವಲಯದಲ್ಲಿ ಮಾತ್ರ ಲಸಿಕೆ ಕೊಡುವ ಪದ್ಧತಿಯಿತ್ತು. 2013ರ ಡಿಸೆಂಬರಿನಿಂದ 2014ರ ಏಪ್ರಿಲ್‌ವರೆಗೆ ನಮ್ಮ ಜಿಲ್ಲೆಯಲ್ಲಿ ಹಬ್ಬಿದ ಕಾಯಿಲೆಯನ್ನು ಅಧ್ಯಯನ ಮಾಡಿದ 2015ರ ಪ್ರಬಂಧವು, ಲಸಿಕೆ ಪಡೆದವರ ಪ್ರಮಾಣವೇ ಕಡಿಮೆಯಿತ್ತೆಂದೂ, ಲಸಿಕೆಗೆ ಆರಿಸಿದ ಪ್ರದೇಶದ ಆಚೆಗೂ, ಲಸಿಕೆಯ ವಯೋಮಿತಿಗೆ ಸೇರದವರಿಗೂ ಕಾಯಿಲೆ ದಾಟಿತ್ತೆಂದೂ ಹೇಳುತ್ತದೆ. ಸೀಸೆಯೊಳಗಿನ ಲಸಿಕೆಯ ಗುಣ ಮತ್ತು ಅದನ್ನು ಊರಿಗೆ ತಲುಪಿಸಿದ ರೀತಿ, ಇವೆರಡನ್ನೂ ಆ ಸಂಖ್ಯೆಗಳು ಒಟ್ಟಿಗೆ ಅಳೆಯುತ್ತವೆ. ಪರಿಣಾಮ ಸಾಲದೆಂಬ ಕಾರಣಕ್ಕೆ 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆಗೂಡಿ ಹೊಸ ಲಸಿಕೆಯನ್ನು ರೂಪಿಸುತ್ತಿದೆ.

ಪ್ರಶ್ನೆ (ಕೃಷಿಕ ಮಹಿಳೆ, ಹೊಸನಗರ ತಾಲೂಕು):

ಡಾಕ್ಟರೇ, ನಮ್ಮ ಕೊಟ್ಟಿಗೆಯಲ್ಲಿ ಆರು ಮಲೆನಾಡು ಗಿಡ್ಡ ದನಗಳಿವೆ. ನಾಟಿ ದನ ಹೆಚ್ಚಿರುವ ಕಡೆ ಮಂಗನ ಕಾಯಿಲೆ ಹೆಚ್ಚು ಎಂದು ಯಾವುದೋ ಅಧ್ಯಯನದಲ್ಲಿ ಬಂದಿದೆಯಂತೆ. ಮಗ ಅದನ್ನೇ ಹಿಡಿದು ದನ ಕೊಡೋಣ ಎನ್ನುತ್ತಿದ್ದಾನೆ. ಗೊಬ್ಬರವಿಲ್ಲದೆ ಅಡಿಕೆ ತೋಟ ಮಾಡುವುದು ಹೇಗೆ? ಇದು ನಿಜವೇ?

ಉತ್ತರ:

ಅಕ್ಕ, ಅಧ್ಯಯನ ನಿಜ. ನಿಮ್ಮ ಮಗ ಅದರಿಂದ ತೆಗೆದ ತೀರ್ಮಾನ ಸರಿಯಲ್ಲ.

ನೀವು ಹೇಳುತ್ತಿರುವುದು 2020ರಲ್ಲಿ ಪ್ರಕಟವಾದ ಕೆಲಸ. ಬ್ರಿಟನ್ನಿನ ಪರಿಸರ ವಿಜ್ಞಾನಿಗಳೂ ಬೆಂಗಳೂರಿನ ಅಶೋಕ ಟ್ರಸ್ಟ್‌ನಂತಹ ನಮ್ಮ ಸಂಸ್ಥೆಗಳವರೂ ಸೇರಿ, 2014ರಿಂದ 2018ರವರೆಗೆ ಎಲ್ಲೆಲ್ಲಿ ಜನರಿಗೆ ಕಾಯಿಲೆ ಬಂತೆಂಬ ಮಾಹಿತಿಯನ್ನು ಕಾಡು, ನೆಡುತೋಪು, ಜಾನುವಾರುಗಳ ನಕ್ಷೆಗಳ ಮೇಲೆ ಇಟ್ಟು ನೋಡಿದರು. ನಿತ್ಯಹರಿದ್ವರ್ಣದ ಕಾಡೂ ನೆಡುತೋಪುಗಳೂ ಬೆರೆತಿರುವ, ನಾಟಿ ದನಗಳು ಹೆಚ್ಚಿರುವ, ಒಣ ಎಲೆಯುದುರುವ ಕಾಡು ಕಡಿಮೆಯಿರುವ ಜಾಗಗಳಲ್ಲಿ ಅಪಾಯ ಹೆಚ್ಚೆಂದು ಕಂಡಿತು. ಈ ಲೆಕ್ಕಾಚಾರದ ಬೆಲೆ ಗೊತ್ತಾದದ್ದು ಆಮೇಲೆ: ಹಳೆಯ ವರ್ಷಗಳ ಮಾಹಿತಿಯಿಂದ ಕಟ್ಟಿದ ನಕ್ಷೆಯು 2019ರಲ್ಲಿ ಹೊಸದಾಗಿ ಕಾಯಿಲೆ ಕಾಣಿಸಿಕೊಂಡ ಜಾಗಗಳನ್ನೂ ಗುರುತಿಸಬಲ್ಲುದಾಗಿತ್ತು. ಇದನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಇಂಥ ನಕ್ಷೆ ಮಳೆಗಾಲ ಮುಗಿಯುವ ಹೊತ್ತಿಗೇ ಆರೋಗ್ಯ ಇಲಾಖೆಯವರ ಮೇಜಿನ ಮೇಲಿದ್ದರೆ ಕಾಯಿಲೆ ಹರಡುವ ಉಣುಗು (ರಕ್ತ ಹೀರುವ ಸಣ್ಣ ಜೀವಿ) ಮೈಗೆ ಹತ್ತದಂತೆ ಹಚ್ಚುವ ಎಣ್ಣೆ ಎಲ್ಲಿಗೆ ಮೊದಲು ಹೋಗಬೇಕು ಎಂಬುದನ್ನು ಮುಂಚೆಯೇ ನಿರ್ಧರಿಸಬಹುದು.

ಆದರೆ ಆ ನಕ್ಷೆ ಮಾತಾಡುವುದು ಭೂಪ್ರದೇಶದ ಬಗ್ಗೆ, ಒಂದೊಂದು ಮನೆಯ ಬಗ್ಗೆ ಅಲ್ಲ. ದನ ಹೆಚ್ಚಿರುವ ಸೀಮೆಯಲ್ಲಿ ಕಾಯಿಲೆ ಹೆಚ್ಚು ಎಂದರೆ ದನವಿರುವ ಮನೆಯಲ್ಲಿ ಹೆಚ್ಚು ಎಂದಾಗುವುದಿಲ್ಲ. ನೀವು ಆರು ದನ ಕೊಟ್ಟರೂ ಸೊಪ್ಪಿನಬೆಟ್ಟಕ್ಕೆ ಹೋಗುವುದು ತಪ್ಪುವುದಿಲ್ಲ, ನೆರೆಯವರ ದನಗಳು ಅಲ್ಲೇ ಮೇಯುತ್ತವೆ.

ದನಕ್ಕೂ ಕಾಯಿಲೆಗೂ ಇರುವ ನಂಟನ್ನು ಹೋರ್ಹೆ ಬೊಶೆಲ್ ಎಂಬ ವಿಜ್ಞಾನಿ 1969ರಲ್ಲೇ ವಿವರಿಸಿದ್ದರು. ಬೆಳೆದ ಉಣುಗುಗಳಿಗೆ ದೊಡ್ಡ ಪ್ರಾಣಿಗಳ ರಕ್ತ ಬೇಕು. ಕಾಡನ್ನು ಕಡಿದು ದನ ಮೇಯಿಸುವುದು ಹೆಚ್ಚಿದಾಗ ಉಣುಗಿನ ಸಂತತಿಯೂ ಹೆಚ್ಚುತ್ತದೆ. ಆದರೆ ವೈರಾಣುವು ದನದ ರಕ್ತದಲ್ಲಿ ಉಣುಗಿಗೆ ದಾಟುವಷ್ಟು ಮಟ್ಟಕ್ಕೆ ಏರುವುದಿಲ್ಲ. ಅಂದರೆ ದನ ಉಣುಗನ್ನು ಸಾಕುತ್ತದೆ, ಕಾಯಿಲೆಯನ್ನು ಸಾಕುವುದಿಲ್ಲ. ಮನುಷ್ಯರಿಗೆ ಕಚ್ಚಿ ಕಾಯಿಲೆ ತರುವುದು ಹೆಚ್ಚಾಗಿ ಎಳೆಯ ಹಂತದ, ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ಉಣುಗು; ಅದರ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಬೆಳೆದ ಉಣುಗು ದನಗಳ ಮೈಗೆ ಹೆಚ್ಚಾಗಿ ಹತ್ತುವುದು ಮಳೆಗಾಲದಲ್ಲಿ. ನಾವೆಲ್ಲ ಉಣುಗನ್ನು ನೆನಪಿಸಿಕೊಳ್ಳುವುದು ಬೇಸಿಗೆಯಲ್ಲಿ, ಆಗ ಅದರ ಮರಿಗಳು ದರಕಿನಲ್ಲಿ (ಉದುರಿದ ಒಣ ಎಲೆಗಳಲ್ಲಿ) ಹರಡಿಯಾಗಿರುತ್ತವೆ. ಆದ್ದರಿಂದ ದನ ಕೊಡಬೇಡಿ. ಪಶುವೈದ್ಯರನ್ನು ಕೇಳಿ ಮಳೆಗಾಲದಲ್ಲೇ ಉಣುಗಿನ ಔಷಧ ಹಾಕಿಸಿ. ಬೇಸಿಗೆಯಲ್ಲಿ ಬೆಟ್ಟಕ್ಕೆ ಹೋಗುವ ಮುಂಚೆ ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಬಂದಮೇಲೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲೇ ಒಗೆಯಿರಿ.

ಪ್ರಶ್ನೆ (ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿ, ಸೊರಬ):

ಸರ್, ಮಂಗನ ಕಾಯಿಲೆಗೆ ಕ್ಯಾಸನೂರು ಕಾಡಿನ ಕಾಯಿಲೆ ಎಂಬ ಹೆಸರು ಬರಲು ಕಾರಣವಾದ ಕ್ಯಾಸನೂರು ನಮ್ಮ ತಾಲೂಕಿನದು. ಹೊರದೇಶದಿಂದ ಬಂದ ಹಕ್ಕಿಗಳು ಈ ಕಾಯಿಲೆಯನ್ನು ತಂದವೆಂದು ಕೆಲವು ಹಿರಿಯರು ಹೇಳುತ್ತಾರೆ, ಹೊರದೇಶದ ವಿಜ್ಞಾನಿಗಳೇ ತಂದರೆಂದು ಇನ್ನು ಕೆಲವರು. ಇದರಲ್ಲಿ ಹುರುಳಿದೆಯೇ? ಇಂಥ ವಿಷಯದಲ್ಲಿ ಇತಿಹಾಸ ಓದುವವರಿಗೆ ಮಾಡುವಂಥ ಕೆಲಸವೇನಾದರೂ ಇದೆಯೇ?

ಉತ್ತರ:

ವಿಜ್ಞಾನಿಗಳು ಬಂದದ್ದು ಮಂಗಗಳು ಸತ್ತ ಮೇಲೆ, ಜನರಿಗೆ ಜ್ವರ ಬಂದ ಮೇಲೆ. ಆದ್ದರಿಂದ ಎರಡನೆಯ ಮಾತಿಗೆ ಆಧಾರವಿಲ್ಲ. ಹಕ್ಕಿಯ ಮಾತಿಗೆ ಮಾತ್ರ ಸ್ವಾರಸ್ಯಕರವಾದ ಮೂಲವಿದೆ. 1957ರಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫೋರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಅವರ ತಂಡವು ಇಲ್ಲಿ ವೈರಾಣುವನ್ನು ಬೇರ್ಪಡಿಸಿತು. ಮಂಗಗಳು ಸಾಯುತ್ತಿದ್ದುದನ್ನು ಕೇಳಿ ಮೊದಲು ಹಳದಿ ಜ್ವರವಿರಬಹುದೆಂಬ ಆತಂಕವಿತ್ತು. ಸಿಕ್ಕಿದ ವೈರಾಣು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ವೈರಾಣುವಿಗೆ ಹತ್ತಿರದ ಸಂಬಂಧಿಯಾಗಿತ್ತು. ಹಾಗಾದರೆ ಸೈಬೀರಿಯದಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳ ಮೈಯಲ್ಲಿ ಉಣುಗು ಬಂದಿರಬಹುದೇ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ವಲಸೆಯನ್ನು ಅಧ್ಯಯನ ಮಾಡಲು ವಿಶ್ವ ಆರೋಗ್ಯ ಸಂಸ್ಥೆ ನೆರವಾದದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಸೊರಬದ ಕಾನುಗಳಲ್ಲಿ ಸತ್ತ ಮಂಗಗಳಿಂದ ಭಾರತದ ಹಕ್ಕಿ ವಲಸೆಯ ಅಧ್ಯಯನಕ್ಕೆ ಬಲ ಬಂತೆಂಬುದನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. ಆದರೆ ಹಕ್ಕಿಗಳು ಕಾಯಿಲೆ ತಂದವೆಂಬ ಊಹೆಗೆ ಪುರಾವೆ ಗಟ್ಟಿಯಾಗಲಿಲ್ಲ.

ವೈರಾಣುವಿನ ವಯಸ್ಸನ್ನು ಈಗ ಅದರ ಅನುವಂಶಿಕ ಬರಹದಿಂದ ಲೆಕ್ಕ ಹಾಕುತ್ತಾರೆ. ಈ ಕ್ರಮ ನಿಮಗೆ ಹೊಸದಲ್ಲ. ಒಂದು ಕಾವ್ಯದ ಹತ್ತು ಓಲೆಪ್ರತಿಗಳು ಸಿಕ್ಕಾಗ, ಯಾವ ತಪ್ಪು ಯಾವ ಯಾವ ಪ್ರತಿಗಳಲ್ಲಿ ಸಮಾನವಾಗಿದೆ ಎಂದು ನೋಡಿ, ಯಾವುದರಿಂದ ಯಾವುದು ನಕಲಾಯಿತೆಂಬ ವಂಶವೃಕ್ಷವನ್ನು ಗ್ರಂಥಸಂಪಾದಕರು ಬರೆಯುತ್ತಾರಲ್ಲ, ಅದೇ ಇದು. ವೈರಾಣು ತನ್ನನ್ನು ನಕಲು ಮಾಡಿಕೊಳ್ಳುವಾಗ ಆಗುವ ತಪ್ಪುಗಳೇ ಇಲ್ಲಿನ ಪಾಠಾಂತರಗಳು. 1957ರಿಂದ 2006ರವರೆಗೆ ಭಾರತದಲ್ಲಿ ಸಿಕ್ಕ 48 ಮಾದರಿಗಳನ್ನು ಹೋಲಿಸಿದ 2009ರ ಅಧ್ಯಯನವು ಈ ವೈರಾಣುವಿನ ಮೂಲವನ್ನು ಸುಮಾರು 1942ಕ್ಕೆ ಇಟ್ಟಿತು. 2011ರಲ್ಲಿ ಇನ್ನೊಂದು ತಂಡವು ಇದನ್ನೂ, ಇದರ ಸೋದರನಂತಿರುವ ಸೌದಿ ಅರೇಬಿಯಾದ ಅಲ್ಖುರ್ಮಾ ವೈರಾಣುವನ್ನೂ ಪೂರ್ಣ ಬರಹಗಳ ಮೂಲಕ ಹೋಲಿಸಿ, ಇವುಗಳ ಇತಿಹಾಸ ಸುಮಾರು 700 ವರ್ಷ ಹಿಂದಕ್ಕೆ ಹೋಗುತ್ತದೆ ಎಂದಿತು. ಮೊದಲಿನವರ ಕೈಯಲ್ಲಿದ್ದದ್ದು ಕೆಲವು ಓಲೆಗರಿಗಳು, ಎರಡನೆಯವರ ಕೈಯಲ್ಲಿದ್ದದ್ದು ಇಡೀ ಕಟ್ಟು. ಕಾಯಿಲೆ 1957ರಲ್ಲಿ ಹುಟ್ಟಿತು ಎಂದು ನಾವು ಆಡುವ ಮಾತು ನಿಜವಾಗಿ ಅದು ವಿಜ್ಞಾನದ ಕಣ್ಣಿಗೆ ಬಿದ್ದ ವರ್ಷವನ್ನಷ್ಟೇ ಹೇಳುತ್ತದೆ.

ನಿಮ್ಮ ಕೆಲಸ ಇಲ್ಲೇ ಇದೆ. ಅದಕ್ಕೂ ಮುಂಚೆ ಕಾನಿನಲ್ಲಿ ಮಂಗಗಳು, ಮುಸಿಯಗಳು ಗುಂಪಾಗಿ ಸತ್ತದ್ದನ್ನು ಹಿರಿಯರು ಕಂಡಿದ್ದರೇ, ತಮ್ಮ ತಂದೆತಾಯಿಗಳಿಂದ ಕೇಳಿದ್ದರೇ, ಆ ಜ್ವರಕ್ಕೆ ಬೇರೆ ಹೆಸರಿತ್ತೇ ಎಂದು ಕೇಳಿ ದಾಖಲಿಸಿ. ವರ್ಷ ಕೇಳಿದರೆ ಯಾರೂ ಹೇಳಲಾರರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನ ಮುಳುಗಡೆಗೆ ಮುಂಚೆಯೋ ನಂತರವೋ ಎಂದು ಕೇಳಿದರೆ ಖಚಿತವಾಗಿ ಹೇಳುತ್ತಾರೆ. ಪ್ರಯೋಗಾಲಯದಲ್ಲಿ ಸಿಗದ ಸಾಕ್ಷ್ಯವಿದು, ಹಿರಿಯರ ಜೊತೆಗೇ ಕಳೆದುಹೋಗುತ್ತಿದೆ.

ಪ್ರಶ್ನೆ (ಆಶಾ ಕಾರ್ಯಕರ್ತೆ, ತೀರ್ಥಹಳ್ಳಿ ತಾಲೂಕು):

ಸರ್, ನಮ್ಮೂರಿಗೆ ಕೆಲವು ವರ್ಷಗಳ ಹಿಂದೆ ಒಂದು ಅಧ್ಯಯನ ತಂಡ ಬಂದು ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡಿತು. ನಾನೇ ಜೊತೆಗೆ ಹೋಗಿ ಒಪ್ಪಿಸಿದ್ದೆ. ಆಮೇಲೆ ಅವರಿಂದ ಒಂದು ಮಾತೂ ಬರಲಿಲ್ಲ. ಈಗ ನಿಜವಾಗಿ ಜ್ವರ ಬಂದವರ ರಕ್ತ ಪರೀಕ್ಷೆಗೂ ಜನ ಒಪ್ಪುವುದಿಲ್ಲ. ಕೊಟ್ಟರೆ ನಿಮ್ಮ ಪುಸ್ತಕಕ್ಕಾಯಿತು, ನಮಗೇನು ಎನ್ನುತ್ತಾರೆ. ನಾನು ಏನು ಹೇಳಲಿ?

ಉತ್ತರ:

ಅಕ್ಕ, ನಿಮ್ಮ ಊರಿನವರು ಹೇಳುವುದು ನ್ಯಾಯವಾದ ಮಾತು. ಆ ತಂಡದ ಪರವಾಗಿ ನಾನು ಸಮರ್ಥನೆ ಹುಡುಕುವುದಿಲ್ಲ. ಮೇಲೆ ನಾನು ಹೇಳಿದ ಪ್ರತಿಯೊಂದು ಸಂಖ್ಯೆಯ ಹಿಂದೆ ಇಂಥ ಒಂದು ಮನೆಯ ಜಗಲಿಯಿದೆ, ಚಾಚಿದ ಒಂದು ಕೈಯಿದೆ. ಅದರ ಫಲವು ಇಂಗ್ಲಿಷಿನ ಪ್ರಬಂಧವಾಗಿ ದೂರದಲ್ಲಿ ಪ್ರಕಟವಾಗಿ, ಆ ಜಗಲಿಗೆ ಮರಳಿ ಬಾರದಿದ್ದರೆ ಕೆಲಸ ಅರ್ಧದಲ್ಲಿ ನಿಂತಂತೆ. ಸಂಶೋಧಕರಿಗೆ ಇದು ದೊಡ್ಡ ಮನಸ್ಸಿನಿಂದ ಮಾಡುವ ಉಪಕಾರವೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯು, ಭಾಗವಹಿಸುವವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರ ಕೊಟ್ಟು ಒಪ್ಪಿಗೆ ಪಡೆಯಬೇಕೆಂದು ಹೇಳುತ್ತದೆ.

ಜನರಿಗೆ ಎರಡನ್ನೂ ಬೇರೆಬೇರೆಯಾಗಿ ಹೇಳಿ. ಜ್ವರ ಬಂದಾಗ ತೆಗೆಯುವ ರಕ್ತ ಅವರ ಚಿಕಿತ್ಸೆಗೆ. ಈ ಕಾಯಿಲೆಗೆ ವೈರಾಣುವನ್ನು ಕೊಲ್ಲುವ ಔಷಧವಿಲ್ಲವಾದರೂ, ಬೇಗ ಗೊತ್ತಾದರೆ ರಕ್ತಸ್ರಾವ ಮತ್ತು ನಿರ್ಜಲೀಕರಣವನ್ನು ಗಮನಿಸಿ ಜೀವ ಉಳಿಸಬಹುದು. ಕಾಯಿಲೆ ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಮರುಕಳಿಸಿ ಮಿದುಳಿಗೆ ತಾಗುವುದೂ ಉಂಟು. ರಕ್ತದಲ್ಲಿ ವೈರಾಣುವನ್ನು ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ಮೊದಲ ದಿನಗಳಲ್ಲಿ ಸಿಗುವ ವೈರಾಣು, ರಕ್ತ ಕೊಡುವುದು ತಡವಾದರೆ ಸಿಗದೆ ಹೋಗಬಹುದು, ಆದ್ದರಿಂದ ಬೇಗ ಕೊಡುವುದೇ ಅವರಿಗೆ ಲಾಭ.

ಅಧ್ಯಯನಕ್ಕೆ ಕೇಳುವ ರಕ್ತದ ಮಾತು ಬೇರೆ. ಅಲ್ಲಿ ಇಲ್ಲವೆನ್ನುವ ಹಕ್ಕು ಅವರಿಗಿದೆ, ಇಲ್ಲವೆಂದರೆ ಚಿಕಿತ್ಸೆಗೆ ಯಾವ ತೊಂದರೆಯೂ ಆಗಬಾರದು. ಮುಂದೆ ಯಾವ ತಂಡ ಬಂದರೂ ನೀವು ಜೊತೆಗೆ ಹೊರಡುವ ಮುಂಚೆ ಕನ್ನಡದ ಮಾಹಿತಿ ಪತ್ರವನ್ನೂ, ಹೊಣೆಗಾರರ ಫೋನ್ ಸಂಖ್ಯೆಯನ್ನೂ, ಫಲಿತಾಂಶ ತಿಳಿಸಲು ಮತ್ತೆ ಬರುವ ತಿಂಗಳನ್ನೂ ಕೇಳಿ ಪಡೆಯಿರಿ. ಹಿಂದಿನ ತಂಡ ಕೊಟ್ಟ ಒಪ್ಪಿಗೆ ಪತ್ರದ ಪ್ರತಿ ಯಾರ ಮನೆಯಲ್ಲಾದರೂ ಉಳಿದಿದ್ದರೆ ನನಗೆ ಕಳಿಸಿ. ಅದರಲ್ಲಿರುವ ನೈತಿಕ ಸಮಿತಿಗೆ ಪತ್ರ ಬರೆದು ಫಲಿತಾಂಶ ಕೇಳುವುದನ್ನು ನಾನು ಮಾಡುತ್ತೇನೆ.

ಮರುಪ್ರತಿಕ್ರಿಯೆ (ಆಶಾ ಕಾರ್ಯಕರ್ತೆ):

ಎರಡು ಮನೆಗಳಲ್ಲಿ ಪತ್ರ ಸಿಕ್ಕಿದೆ ಸರ್. ಒಂದಕ್ಕೆ ಗೆದ್ದಲು ಹತ್ತಿದೆ, ಇನ್ನೊಂದು ಓದಲು ಬರುತ್ತದೆ. ನಾಳೆ ಫೋಟೋ ತೆಗೆದು ಕಳಿಸುತ್ತೇನೆ.