ದೊಡ್ಡ ಗೆಲಾಕ್ಸಿ ಚಿಕ್ಕದನ್ನು ‘ನುಂಗುತ್ತದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮಕ್ಕಳಿಗಾಗಿ ಖಗೋಳದ ಒಂದು ಪುಸ್ತಕ ಬರೆಯುತ್ತಿದ್ದೇನೆ. ಒಂದು ಕ್ರಿಯಾಪದ ಸಿಗದೆ ಎರಡು ವಾರದಿಂದ ಬರವಣಿಗೆ ನಿಂತಿದೆ. ದೊಡ್ಡ ಗೆಲಾಕ್ಸಿಗಳು ಸುತ್ತಲಿನ ಕುಬ್ಜ ಗೆಲಾಕ್ಸಿಗಳನ್ನು ಸೇರಿಸಿಕೊಂಡು ಬೆಳೆಯುತ್ತವೆ. ಇದಕ್ಕೆ ‘ನುಂಗು’, ‘ಕಬಳಿಸು’ ಎಂದು ಬರೆಯುವ ರೂಢಿಯಿದೆ. ನನಗೆ ಎರಡೂ ಒಪ್ಪುತ್ತಿಲ್ಲ. (‘ನಕ್ಷತ್ರಪುಂಜ’ ಬಿಟ್ಟು ಗೆಲಾಕ್ಸಿ ಎಂದೇ ಇಟ್ಟುಕೊಂಡಿದ್ದೇನೆ. ಪುಂಜ ಅಂದರೆ ಬಹಳ ಜನಕ್ಕೆ ಕೃತ್ತಿಕೆಯಂಥ ಗುಂಪೇ ನೆನಪಾಗುತ್ತದೆ.)

ಹಾವು ಕಪ್ಪೆಯನ್ನು ನುಂಗುತ್ತದೆ, ರಾಹು ಸೂರ್ಯನನ್ನು ನುಂಗುತ್ತಾನೆ. ನುಂಗುವುದಕ್ಕೆ ಬಾಯಿ ಬೇಕು, ಗಂಟಲು ಬೇಕು. ನುಂಗಿದ್ದು ಇಡಿಯಾಗಿ, ಒಂದೇ ಸಲಕ್ಕೆ ಒಳಹೋಗುತ್ತದೆ. ಆಕಾಶದಲ್ಲಿ ನಡೆಯುವುದು ಹಾಗಲ್ಲ. ಕುಬ್ಜ ಗೆಲಾಕ್ಸಿ ದೊಡ್ಡದನ್ನು ಸುತ್ತುವಾಗ ಅದರ ಹತ್ತಿರದ ಮಗ್ಗುಲಿಗೆ ಸೆಳೆತ ಹೆಚ್ಚು, ಆಚೆ ಮಗ್ಗುಲಿಗೆ ಕಡಿಮೆ. ಕಡಲಿನಲ್ಲಿ ಉಬ್ಬರ ತರುವುದೂ ಇದೇ ವ್ಯತ್ಯಾಸ. ಕುಬ್ಜ ಹಿಗ್ಗಿ ಹಿಗ್ಗಿ, ಅಂಚಿನ ನಕ್ಷತ್ರಗಳು ಕಳಚಿಕೊಂಡು ಅದರ ಹಾದಿಯುದ್ದಕ್ಕೂ ಹಿಂದೆ ಮುಂದೆ ಸಾಲುಗಟ್ಟುತ್ತವೆ. ಇನ್ನೊಂದು ತಡೆಯೂ ಇದೆ. ಕುಬ್ಜ ಸಾಗಿದ ದಾರಿಯಲ್ಲಿ ದೊಡ್ಡದರ ನಕ್ಷತ್ರಗಳು ಅದರ ಸೆಳೆತಕ್ಕೆ ಸಿಕ್ಕಿ ಬೆನ್ನ ಹಿಂದೆ ದಟ್ಟವಾಗುತ್ತವೆ, ಆ ದಟ್ಟಣೆ ಅದನ್ನೇ ಹಿಂದಕ್ಕೆ ಜಗ್ಗುತ್ತದೆ. ಸುಬ್ರಹ್ಮಣ್ಯನ್ ಚಂದ್ರಶೇಖರ್ 1943ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ. ವೇಗ ಕಳೆದುಕೊಂಡ ಕುಬ್ಜ ಸುತ್ತು ಸುತ್ತಿಗೂ ಒಳಗೆ ಸರಿಯುತ್ತದೆ. ಇದೆಲ್ಲ ಮುಗಿಯಲು ನೂರಾರು ಕೋಟಿ ವರ್ಷ ಬೇಕು.

ಕಳಚಿಕೊಂಡ ಆ ಸಾಲಿಗೆ ‘ತೊರೆ’ ಅನ್ನಬಹುದು. ನನಗೆ ‘ಎಳೆ’ ಹೆಚ್ಚು ಇಷ್ಟ. ಎಳೆದಾಗ ಬಂದದ್ದು ಎಳೆ. ಕೆಲಸವೂ ಫಲವೂ ಒಂದೇ ಮಾತಿನಲ್ಲಿವೆ.

‘ಡಿಕ್ಕಿ’ಯನ್ನಂತೂ ಬಿಟ್ಟೇಬಿಟ್ಟೆ. ಸೂರ್ಯನನ್ನು ಒಂದು ಮಿಲಿಮೀಟರಿನ ಕಾಳು ಅಂದುಕೊಂಡರೆ ಅತಿ ಹತ್ತಿರದ ನಕ್ಷತ್ರ ಸುಮಾರು 30 ಕಿಲೋಮೀಟರ್ ದೂರ. ಇಷ್ಟು ಬಯಲಿರುವಾಗ ನಕ್ಷತ್ರಕ್ಕೆ ನಕ್ಷತ್ರ ತಾಗುವುದೇ ಅಪರೂಪ. ಒಂದಕ್ಕೊಂದು ಅಪ್ಪಳಿಸುವುದು ಅನಿಲದ ಮೋಡಗಳು.

‘ಅರಗಿಸಿಕೊಳ್ಳು’ ಚೆನ್ನಾಗಿದೆ ಅನ್ನಿಸಿತ್ತು. ನಿಧಾನ ಅದರಲ್ಲಿದೆ. ಆದರೆ ‘ವಾತಾಪಿ ಜೀರ್ಣೋ ಭವ’ ಎಂದ ಅಗಸ್ತ್ಯರ ಹೊಟ್ಟೆಯಲ್ಲಿ ವಾತಾಪಿಯ ಗುರುತೂ ಉಳಿಯಲಿಲ್ಲ. ಇಲ್ಲಿ ಗುರುತು ಉಳಿಯುತ್ತದೆ. ಧನು ರಾಶಿಯ ದಿಕ್ಕಿನಲ್ಲಿ 1994ರಲ್ಲಿ ಪತ್ತೆಯಾದ ಕುಬ್ಜ ಗೆಲಾಕ್ಸಿಯನ್ನೇ ನೋಡಿ. ಅದು ಈಗಲೂ ಹರಿದುಹೋಗುತ್ತಿದೆ, ಅದರ ಎಳೆಗಳು ನಮ್ಮ ಕ್ಷೀರಪಥವನ್ನು ಸುತ್ತಿಕೊಂಡಿವೆ. ಚಾರ್ಲ್ಸ್ ಮೆಸಿಯೆ 1778ರಲ್ಲೇ ಕಂಡಿದ್ದ ಎಂ54 ಎಂಬ ಗೋಳಾಕಾರದ ತಾರಾಗುಚ್ಛ ಇರುವುದು ಆ ಕುಬ್ಜದ ನಟ್ಟನಡುವೆ. ಎರಡು ಶತಮಾನ ಅದನ್ನು ನಮ್ಮದೆಂದೇ ಎಣಿಸಿದ್ದೆವು! ಇನ್ನೂ ಹಳೆಯದು, ಸುಮಾರು 1000 ಕೋಟಿ ವರ್ಷದ ಹಿಂದೆ ಸೇರಿಹೋದ ಒಂದು ಗೆಲಾಕ್ಸಿ. ಗಾಯಾ ದೂರದರ್ಶಕ ಅಳೆದ ನಕ್ಷತ್ರಗಳ ಚಲನೆಯಿಂದ 2018ರಲ್ಲಿ ಅದು ಗೊತ್ತಾಯಿತು. ಆಕಾರ ಎಂದೋ ಹೋಗಿದೆ. ಅದರ ನಕ್ಷತ್ರಗಳ ನಡೆ ಬೇರೆ, ಮೈಯಲ್ಲಿರುವ ಧಾತುಗಳ ಪ್ರಮಾಣ ಬೇರೆ.

ಹಾಗಾಗಿ ‘ಕರಗಿಸಿಕೊಳ್ಳು’ ಎಂಬಲ್ಲಿಗೆ ಬಂದಿದ್ದೇನೆ. ನೀರಿನಲ್ಲಿ ಉಪ್ಪು ಕರಗಿದರೆ ಹರಳು ಹೋಗುತ್ತದೆ, ರುಚಿ ಹೋಗುವುದಿಲ್ಲ. ಕೊನೆಯ ‘ಕೊಳ್ಳು’ ದೊಡ್ಡದು ತನ್ನದಾಗಿಸಿಕೊಂಡು ಬೆಳೆಯುವುದನ್ನೂ ಹೇಳುತ್ತದೆ. ಸರಿಸಮದ ಎರಡು ಗೆಲಾಕ್ಸಿಗಳು ಕೂಡಿದರೆ ಮಾತ್ರ ‘ವಿಲೀನ’ ಇರಲಿ.

ತೊಡಕು ನಾಮಪದದ್ದು. ‘ಕರಗಿಸಿಕೊಳ್ಳುವಿಕೆ’ ಅಧ್ಯಾಯದ ತಲೆಬರಹಕ್ಕೆ ಭಾರ. ‘ಕರಗಿಕೆ’ ಅಂದರೆ ‘ಕೊಳ್ಳು’ ಕೊಟ್ಟ ಅರ್ಥವೇ ಬಿದ್ದುಹೋಗುತ್ತದೆ. ಹತ್ತು ವರ್ಷದ ಮಗು ತಡವರಿಸದೆ ಓದುವಂಥ ಚಿಕ್ಕ ಪದ ನಿಮ್ಮಲ್ಲಿ ಯಾರಿಗಾದರೂ ಹೊಳೆಯುತ್ತದೆಯೇ? ‘ಎಳೆ’ ಬಗ್ಗೆಯೂ ಹೇಳಿ. ‘ಎಳೆಯ ಗೆಲಾಕ್ಸಿ’ ಎಂದು ಬರೆದಾಗ ಚಿಕ್ಕ ವಯಸ್ಸಿನದೋ, ಎಳೆ ಇರುವುದೋ ಎಂಬ ಗೊಂದಲ ಆದೀತೇ?