ಲಿಬ್ರೆಆಫೀಸ್‌ಗೆ ಬಂದ ಮೇಲೆ ಹಳೇ ನುಡಿ ಫೈಲುಗಳ ಕಾಟ: ‘ವರ್ಷ’ ಹುಡುಕಿದರೆ ಸಿಗುತ್ತಿಲ್ಲ (ಮುಕ್ಕಾಲು ಪಾಲು ಬಗೆಹರಿದಿದೆ)

ಕಚೇರಿ ಎದುರು (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಕಚೇರಿ ಎದುರು ನನ್ನದೊಂದು ಡಿಟಿಪಿ ಅಂಗಡಿ. ಕ್ರಯಪತ್ರ, ಬಾಡಿಗೆ ಕರಾರು, ಅಫಿಡವಿಟ್, ಮದುವೆ ಕಾರ್ಡು, ಜೊತೆಗೆ ಜೆರಾಕ್ಸ್. ಮೂರು ಕಂಪ್ಯೂಟರ್ ಇವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತಲ್ಲ, ನಮ್ಮ ಯಂತ್ರಗಳಲ್ಲಿ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇಲ್ಲ ಅಂತ ವಿಂಡೋಸ್ 11 ಹತ್ತಲೇ ಇಲ್ಲ. ಆಫೀಸ್ ಪ್ಯಾಕೇಜನ್ನು ಹಿಂದೆ ಯಾರೋ ಹಾಕಿಕೊಟ್ಟಿದ್ದರು. ಅದರ ಲೈಸೆನ್ಸ್ ಬಗ್ಗೆ ದಯವಿಟ್ಟು ಕೇಳಬೇಡಿ. ಹೊಸದಾಗಿ ದುಡ್ಡು ಕೊಟ್ಟು ಕೊಳ್ಳುವ ಲೆಕ್ಕ ಹಾಕಿದೆ, ಮೂರು ಯಂತ್ರಕ್ಕೆ ಆಗುವ ಮಾತಲ್ಲ. ಎರಡಕ್ಕೆ ವಿಂಡೋಸ್ ಬದಲು ಉಚಿತದ ಲಿನಕ್ಸ್ ಮಿಂಟ್, ಆಫೀಸ್ ಬದಲು ಉಚಿತದ ಲಿಬ್ರೆಆಫೀಸ್ ಹಾಕಿಸಿದೆ. ಮೂರನೆಯದು ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ ಇರುವ ಹಳೇ ಯಂತ್ರ, ಅದನ್ನು ಮುಟ್ಟಿಲ್ಲ.

ಈಗ ತೊಂದರೆ ಹೇಳುತ್ತೇನೆ.

ಹಳೇ ಕರಾರು ಫೈಲುಗಳೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ನುಡಿ 01 ಇ ಫಾಂಟಿನಲ್ಲಿವೆ. ಮಿಂಟ್‌ನಲ್ಲಿ ತೆರೆದರೆ ತಲೆ ಮೇಲೆ ಕೊಂಬು, ಚುಕ್ಕಿ ಇರುವ ಇಂಗ್ಲಿಷ್ ಅಕ್ಷರಗಳು. ನುಡಿ ಫಾಂಟ್ ಫೈಲ್ ತಂದು ಇನ್‌ಸ್ಟಾಲ್ ಮಾಡಿದ ಮೇಲೆ ಕನ್ನಡ ಬಂತು. ಆದರೆ ತಿದ್ದಲು ಹೋದರೆ ವಾಕ್ಯದ ಮೊದಲ ಅಕ್ಷರ ತಾನಾಗೇ ಬೇರೆ ಆಗಿಬಿಡುತ್ತದೆ. ನಾನು ಒತ್ತಿದ್ದೇ ಒಂದು, ಅಲ್ಲಿ ಕೂರುವುದೇ ಇನ್ನೊಂದು.

ಸರಿ, ಎಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರ್, ಫೋನಿಗೂ ಅರ್ಥವಾಗುವ ಅಕ್ಷರ ವ್ಯವಸ್ಥೆ) ಮಾಡಿಬಿಡೋಣ ಅಂತ ಕೆಲವು ಫೈಲ್ ಪರಿವರ್ತನೆ ಮಾಡಿದೆ. ಕೆಲವನ್ನು ಅಂಗಡಿಯ ಹುಡುಗ ಹೊಸದಾಗಿ ಟೈಪ್ ಮಾಡಿದ. ಈಗ ಕೆಲವು ಫೈಲಿನಲ್ಲಿ ‘ವರ್ಷ’ ಅಂತ ಹುಡುಕಿದರೆ ಸಿಗುತ್ತದೆ, ಕೆಲವದರಲ್ಲಿ ಇಲ್ಲ ಅನ್ನುತ್ತದೆ. ಕಣ್ಣಿಗೆ ಕಾಣುತ್ತಿದೆ ಸ್ವಾಮಿ, ಎರಡನೇ ಸಾಲಿನಲ್ಲೇ ಇದೆ! ಲಿಬ್ರೆಆಫೀಸ್‌ಗೆ ಕನ್ನಡ ಹುಡುಕಲು ಬರುವುದಿಲ್ಲವಾ?

ಪೆಂಗ್ವಿನ್ ಪ್ರಿಯ (ಸೋಮವಾರ, ರಾತ್ರಿ 10:05)

ಲಿನಕ್ಸ್‌ಗೆ ಸ್ವಾಗತ ಮೇಡಂ! ಸಿಂಪಲ್. ಎಲ್ಲ ಸೆಲೆಕ್ಟ್ ಮಾಡಿ, ಫಾಂಟನ್ನು ನೋಟೋ ಸಾನ್ಸ್ ಕನ್ನಡಕ್ಕೆ ಬದಲಿಸಿ. ಆಗ ಯೂನಿಕೋಡ್ ಆಗುತ್ತದೆ.

ಕಚೇರಿ ಎದುರು (ಸೋಮವಾರ, ರಾತ್ರಿ 10:22)

ಮಾಡಿದೆ. ಇಡೀ ಕ್ರಯಪತ್ರ ಕಾಗೆ ಕಾಲು ಗುಬ್ಬಿ ಕಾಲು ಆಯಿತು. ಅನ್‌ಡೂ ಇದ್ದಿದ್ದಕ್ಕೆ ಬದುಕಿದೆ.

ಅಚ್ಚುಮೊಳೆ (ಮಂಗಳವಾರ, ಬೆಳಿಗ್ಗೆ 6:15)

ಪೆಂಗ್ವಿನ್ ಅವರೇ, ಅದು ಫಾಂಟ್ ಬದಲಿಸಿದರೆ ಹೋಗುವ ಕಾಯಿಲೆ ಅಲ್ಲ.

ತಾಯಿ, ನಾನು ಮೊಳೆ ಜೋಡಿಸುವ ಕಾಲದಿಂದ ಪ್ರೆಸ್ಸಿನಲ್ಲಿದ್ದವನು. ನಮ್ಮ ಮೊಳೆ ಪೆಟ್ಟಿಗೆಯಲ್ಲಿ ಒತ್ತಕ್ಷರಕ್ಕೆ ಬೇರೆ ಮೊಳೆ, ಅರ್ಕಾವತ್ತಿಗೆ ಬೇರೆ ಮೊಳೆ. ‘ವರ್ಷ’ ಬೇಕು ಅಂದರೆ ವ ಇಡು, ಷ ಇಡು, ಆಮೇಲೆ ಅರ್ಕಾವತ್ತು ಇಡು. ಕಣ್ಣಿಗೆ ಕಂಡ ಹಾಗೆ ಜೋಡಣೆ. ನುಡಿಯಂಥ ಹಳೇ ಆಸ್ಕಿ ಫಾಂಟುಗಳೂ ಅದೇ ದಾರಿ ಹಿಡಿದವು. ನಿಮ್ಮ ಫೈಲಿನ ಒಳಗೆ ಇರುವುದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ನುಡಿ ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬರೆದು ತೋರಿಸುತ್ತದೆ, ಅಷ್ಟೆ. ಆಗ ಬೇರೆ ದಾರಿಯೂ ಇರಲಿಲ್ಲ ಅನ್ನಿ. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಕನ್ನಡದ ಅರ್ಧ ಪುಸ್ತಕಗಳು ಅದರಲ್ಲೇ ಆದವು.

ಯೂನಿಕೋಡ್ ಹಾಗಲ್ಲ. ಬಾಯಲ್ಲಿ ಹೇಳುವ ಕ್ರಮ. ವ, ರ, ಅರ್ಧ ಮಾಡುವ ಗುರುತು, ಷ. ಅರ್ಕಾವತ್ತನ್ನು ಎಲ್ಲಿ ಕೂರಿಸಬೇಕು ಅನ್ನುವುದು ಫಾಂಟಿನ ತಲೆನೋವು.

ಮೊದಲ ಅಕ್ಷರ ಬದಲಾಗುವುದೂ ಇದರಿಂದಲೇ. ಲಿಬ್ರೆಆಫೀಸ್ ಪಾಪ ಅದನ್ನು ಇಂಗ್ಲಿಷ್ ಅಂತ ನಂಬಿದೆ. ವಾಕ್ಯ ಶುರುವಾಯಿತು ಅಂತ ಸಣ್ಣಕ್ಷರವನ್ನು ದೊಡ್ಡಕ್ಷರ ಮಾಡುತ್ತದೆ. ನುಡಿಯಲ್ಲಿ ಸಣ್ಣದಕ್ಕೂ ದೊಡ್ಡದಕ್ಕೂ ಬೇರೆ ಬೇರೆ ಕನ್ನಡದ ತುಂಡು. ಟೂಲ್ಸ್ ಮೆನುವಿನಲ್ಲಿ ಆಟೋಕರೆಕ್ಟ್ ಆಪ್ಷನ್ಸ್ ತೆರೆಯಿರಿ. ವಾಕ್ಯದ ಮೊದಲ ಅಕ್ಷರ ದೊಡ್ಡದು ಮಾಡುವ ಟಿಕ್ ತೆಗೆಯಿರಿ. ಸಾಲಾಗಿ ಎರಡು ದೊಡ್ಡಕ್ಷರ ಬಂದರೆ ತಿದ್ದುವ ಇನ್ನೊಂದು ಟಿಕ್ ಇದೆ, ಅದನ್ನೂ ತೆಗೆಯಿರಿ.

ಹುಡುಕಿದರೆ ಸಿಗದಿರುವುದು ಯಾಕೆ ಅಂತ ನನಗೆ ಹೊಳೆಯುತ್ತಿಲ್ಲ. ಪರಿವರ್ತನೆ ಸರಿಯಾಗಿದ್ದರೆ ಸಿಗಬೇಕು.

ನವಿಲುಗರಿ (ಮಂಗಳವಾರ, ಬೆಳಿಗ್ಗೆ 11:30)

ಮೇಡಂ, ಎರಡು ಪ್ರಶ್ನೆ. ಸಿಗದ ಫೈಲುಗಳು ಪರಿವರ್ತನೆ ಮಾಡಿದವಾ, ಹುಡುಗ ಟೈಪ್ ಮಾಡಿದವಾ? ಆ ‘ವರ್ಷ’ ಪದವನ್ನು ಅಲ್ಲಿಂದಲೇ ಕಾಪಿ ಮಾಡಿ ಇಲ್ಲಿ ಹಾಕುತ್ತೀರಾ? ಕೈಯಲ್ಲಿ ಟೈಪ್ ಮಾಡಬೇಡಿ.

ಕಚೇರಿ ಎದುರು (ಮಂಗಳವಾರ, ಮಧ್ಯಾಹ್ನ 2:10)

ಅಚ್ಚುಮೊಳೆ ಸರ್, ಟಿಕ್ ತೆಗೆದೆ, ಮೊದಲ ಅಕ್ಷರದ ಕಾಟ ಹೋಯಿತು. ತುಂಬಾ ಉಪಕಾರ.

ನವಿಲುಗರಿ ಅವರೇ, ನೋಡಿದೆ. ಸಿಗದಿರುವುದೆಲ್ಲ ಹುಡುಗ ಟೈಪ್ ಮಾಡಿದವು. ಪದ ಇದು: ವಷ೯

ನವಿಲುಗರಿ (ಮಂಗಳವಾರ, ಮಧ್ಯಾಹ್ನ 2:18)

ಸಿಕ್ಕಿತು :) ಆ ಪದದ ಕೊನೆಯಲ್ಲಿ ಕರ್ಸರ್ ಇಟ್ಟು ಒಂದೇ ಸಲ ಬ್ಯಾಕ್‌ಸ್ಪೇಸ್ ಒತ್ತಿ. ನಿಜವಾದ ‘ವರ್ಷ’ ಆಗಿದ್ದರೆ ಷ ಹೋಗಿ ‘ವರ್’ ಉಳಿಯಬೇಕು. ನಿಮ್ಮಲ್ಲಿ ಏನು ಉಳಿಯುತ್ತದೆ?

ಕಚೇರಿ ಎದುರು (ಮಂಗಳವಾರ, ಮಧ್ಯಾಹ್ನ 2:25)

‘ವಷ’ ಉಳಿಯಿತು. ಅರ್ಕಾವತ್ತು ಮಾತ್ರ ಹೋಯಿತು.

ನವಿಲುಗರಿ (ಮಂಗಳವಾರ, ಮಧ್ಯಾಹ್ನ 2:31)

ಅದು ಅರ್ಕಾವತ್ತು ಅಲ್ಲ ಮೇಡಂ. ಕನ್ನಡದ ಒಂಬತ್ತು! ನಿಮ್ಮ ಹುಡುಗನಿಗೆ ಯೂನಿಕೋಡ್‌ನಲ್ಲಿ ಅರ್ಕಾವತ್ತು ಎಲ್ಲಿದೆ ಅಂತ ಗೊತ್ತಾಗಿಲ್ಲ. ನೋಡಲು ಹಾಗೇ ಇದೆ ಅಂತ ೯ ಒತ್ತಿದ್ದಾನೆ. ಇದನ್ನು ಮಾಡಿದವರಲ್ಲಿ ಅವನೇ ಮೊದಲಲ್ಲ, ಲಗ್ನಪತ್ರಿಕೆಯಿಂದ ಹಿಡಿದು ಅಂಗಡಿ ಬೋರ್ಡಿನವರೆಗೆ ನೋಡಿದ್ದೇನೆ. ಅನುಸ್ವಾರದ ಜಾಗದಲ್ಲಿ ಸೊನ್ನೆಯನ್ನೂ ಒತ್ತಿರುತ್ತಾನೆ, ಬೇಕಾದರೆ ನೋಡಿ. ‘ಬೆಂಗಳೂರು’ ಹುಡುಕಿ.

ಕಚೇರಿ ಎದುರು (ಮಂಗಳವಾರ, ಮಧ್ಯಾಹ್ನ 2:40)

ಅಯ್ಯೋ ದೇವರೇ. ಸಿಗಲಿಲ್ಲ. ‘ಬೆ೦ಗಳೂರು’ ಇದೆ, ಬ್ಯಾಕ್‌ಸ್ಪೇಸ್‌ನಲ್ಲಿ ನೋಡಿದರೆ ಸೊನ್ನೆಯೇ. ಹುಡುಗನನ್ನು ಕೇಳಿದೆ. “ಪ್ರಿಂಟ್ ಚೆನ್ನಾಗೇ ಬಂತಲ್ಲ ಅಕ್ಕಾ” ಅಂತಾನೆ. ಬೈಯೋಣ ಅನ್ನಿಸಿತು, ಆದರೆ ನುಡಿಯಲ್ಲಿ ನಾನು ಕಲಿಸಿದ್ದೂ ‘ಪ್ರಿಂಟ್ ಸರಿ ಬಂದರೆ ಸಾಕು’ ಅಂತಲೇ. ಸುಮ್ನಾದೆ. ಸುಮಾರು 60 ಫೈಲ್ ಹೀಗಿವೆ. ಒಂದೊಂದೇ ತಿದ್ದಬೇಕಾ?

ನವಿಲುಗರಿ (ಮಂಗಳವಾರ, ಸಂಜೆ 6:50)

ಬೇಡ. ಲಿಬ್ರೆಆಫೀಸ್ ರೈಟರ್‌ನಲ್ಲಿ ಹುಡುಕಿ-ಬದಲಿಸುವ ಪೆಟ್ಟಿಗೆ ತೆರೆಯಿರಿ, ಕಂಟ್ರೋಲ್ ಮತ್ತು ಎಚ್. ಕೆಳಗೆ ಇತರ ಆಯ್ಕೆಗಳಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ಸ್ ಟಿಕ್ ಮಾಡಿ, ಆಗ ಪದದ ಬದಲು ಮಾದರಿ ಕೊಟ್ಟು ಹುಡುಕಬಹುದು. ಮೊದಲು ಫೈಲಿನ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ.

ಸೊನ್ನೆಗೆ:
ಹುಡುಕು: ([ಅ-ೌ])೦
ಬದಲಿಸು: $1ಂ

ಅಂದರೆ ಅಕ್ಷರವೋ ಗುಣಿತದ ಗುರುತೋ ಆದ ತಕ್ಷಣ ಸೊನ್ನೆ ಬಂದರೆ ಅದನ್ನು ಅನುಸ್ವಾರ ಮಾಡು ಅಂತ. ೧೦, ೫೦೦ ಇಂಥವಕ್ಕೆ ಏನೂ ಆಗುವುದಿಲ್ಲ, ಅಲ್ಲಿ ಸೊನ್ನೆಯ ಹಿಂದೆ ಇರುವುದು ಅಂಕಿ.

ಅರ್ಕಾವತ್ತಿಗೆ:
ಹುಡುಕು: ((?:[ಕ-ಹ]್)*[ಕ-ಹ][ಾ-ೌ]?)೯
ಬದಲಿಸು: ರ್$1

ಇದು ೯ರ ಹಿಂದಿನ ಇಡೀ ಅಕ್ಷರವನ್ನು ಹಿಡಿದು ಅದಕ್ಕೂ ಮೊದಲು ‘ರ್’ ತರುತ್ತದೆ. ‘ಮಾಗ೯’ ಹೋಗಿ ‘ಮಾರ್ಗ’, ‘ವಾಷಿ೯ಕ’ ಹೋಗಿ ‘ವಾರ್ಷಿಕ’.

ಕಚೇರಿ ಎದುರು (ಬುಧವಾರ, ಬೆಳಿಗ್ಗೆ 10:20)

ಬಂತು! ಕ್ಷಣದಲ್ಲಿ ಆಯಿತು. ಹುಡುಗ ಬಾಯಿ ಬಿಟ್ಟುಕೊಂಡು ನೋಡಿದ.

ಆದರೆ ಒಂದು ಪತ್ರದಲ್ಲಿ ‘ಭಾರ್ಗ’ ಅಂತ ಆಗಿದೆ. ಮೂಲದಲ್ಲಿ ‘ಭಾಗ೯’ ಇತ್ತು, ಒಂಬತ್ತನೇ ಭಾಗ. ಮಧ್ಯೆ ಜಾಗ ಬಿಟ್ಟಿರಲಿಲ್ಲ. ನಿವೇಶನದ ಲೇಔಟ್ ವಿವರ ಅದು, ಹಾಗೇ ರಿಜಿಸ್ಟರ್ ಆಗಿದ್ದರೆ ನನ್ನ ಕಥೆ ಮುಗಿಯುತ್ತಿತ್ತು.

ನವಿಲುಗರಿ (ಬುಧವಾರ, ಬೆಳಿಗ್ಗೆ 10:45)

ತಪ್ಪು ನನ್ನದು, ಹೇಳಬೇಕಿತ್ತು. ಸೊನ್ನೆಗೆ ಎಲ್ಲ ಬದಲಿಸು ಒತ್ತಬಹುದು. ಒಂಬತ್ತಿಗೆ ಮಾತ್ರ ಒಂದೊಂದೇ ನೋಡಿ ಬದಲಿಸಿ. ಆಸ್ತಿ ಪತ್ರದಲ್ಲಿ ನಿಜವಾದ ಒಂಬತ್ತು ಜಾಸ್ತಿ ಇರುತ್ತದೆ.

ಮುಂದಕ್ಕೆ: ಮಿಂಟ್‌ನಲ್ಲಿ ಐಬಸ್ ಜೊತೆ ಎಂ17ಎನ್ (ಬೇರೆ ಬೇರೆ ಭಾಷೆಯ ಕೀಲಿಮಣೆ ಕೊಡುವ ತಂತ್ರಾಂಶಗಳು) ಹಾಕಿಕೊಂಡರೆ ಕನ್ನಡ ಕೆಜಿಪಿ ಕೀಲಿಮಣೆ ಸಿಗುತ್ತದೆ. ನುಡಿಯಲ್ಲಿ ಬಳಸುವ ಕೆ.ಪಿ. ರಾವ್ ವಿನ್ಯಾಸವೇ, ಕೈಗೆ ಹೊಸದು ಅನ್ನಿಸುವುದಿಲ್ಲ. ಹುಡುಗನಿಗೆ ಹೇಳಿಕೊಡಿ: ರ ಒತ್ತು, ಎಫ್ ಒತ್ತು, ಆಮೇಲೆ ಮುಂದಿನ ಅಕ್ಷರ. ಅರ್ಕಾವತ್ತು ತಾನಾಗೇ ಬರುತ್ತದೆ. ಶಿಫ್ಟ್ ಹಿಡಿದು ಎಂ ಒತ್ತಿದರೆ ಅನುಸ್ವಾರ. ‘ರ‍್ಯಾಂಕ್’, ‘ರ‍್ಯಾಲಿ’ ಮಾತ್ರ ತಕರಾರು ಮಾಡುತ್ತವೆ, ‘ರ್ಯಾಂಕ್’ ಆಗಿಬಿಡುತ್ತದೆ. ಅಲ್ಲಿ ರ ಆದ ಮೇಲೆ ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯ್ನರ್ ಬೇಕು. ಸರಿಯಾಗಿರುವ ಪದವನ್ನು ನನ್ನ ಈ ಉತ್ತರದಿಂದಲೇ ಕಾಪಿ ಮಾಡಿ ಆಟೋಕರೆಕ್ಟ್ ಪಟ್ಟಿಗೆ ಸೇರಿಸಿಬಿಡಿ.

ಹಳೇ ನುಡಿ ಫೈಲುಗಳಿಗೆ ಅರವಿಂದ ವಿ.ಕೆ. ಅವರ ಆಸ್ಕಿ-ಯೂನಿಕೋಡ್ ಪರಿವರ್ತಕ ಬಳಸಿ, ಅದೂ ಮುಕ್ತ ತಂತ್ರಾಂಶವೇ. ಅಕ್ಷರ ಆದ ಮೇಲೆ ಇರುವ ಅರ್ಕಾವತ್ತನ್ನು ಅಕ್ಷರಕ್ಕೂ ಮೊದಲು ತರುವ ಕೆಲಸ ಅದಕ್ಕೆ ಗೊತ್ತು. ಆದರೆ ಪತ್ರದ ಮಧ್ಯೆ ಇರುವ ನಿಜವಾದ ಇಂಗ್ಲಿಷ್ ಪದ, ಪ್ಯಾನ್ ನಂಬರ್ ಇವನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ಪ್ಯಾರಾ ಪ್ಯಾರಾ ಹಾಕಿ, ಇಂಗ್ಲಿಷ್ ಬಿಟ್ಟು.

ಕಚೇರಿ ಎದುರು (ಬುಧವಾರ, ರಾತ್ರಿ 8:55)

ಇನ್ನೆರಡು ಕೇಳಿ ಮುಗಿಸುತ್ತೇನೆ, ಬೇಜಾರಾಗಬೇಡಿ. ಒಂದು, ಖಾಲಿ ಪುಟದಲ್ಲಿ ಸೈಜ್ 16 ಇಟ್ಟು ಟೈಪ್ ಮಾಡಿದರೂ ಕನ್ನಡ ಚಿಕ್ಕದಾಗೇ ಬರುತ್ತದೆ. ಫಾಂಟ್ ಹೆಸರು ನೋಡಿದರೆ ಲೋಹಿತ್ ದೇವನಾಗರಿ ಅಂತಿದೆ, ಹಿಂದಿ ಯಾಕೆ ಬಂತೋ. ಇನ್ನೊಂದು, ಯೂನಿಕೋಡ್ ಆದ ಮೇಲೆ ಮೂರು ಪುಟದ ಕರಾರು ನಾಲ್ಕಾಗಿದೆ. ಸಾಕ್ಷಿಗಳ ಸಹಿ ಮಾತ್ರ ನಾಲ್ಕನೇ ಪುಟಕ್ಕೆ ಹೋಗಿ ಕೂತಿದೆ. ವಕೀಲರು ಒಪ್ಪುತ್ತಿಲ್ಲ.

ಅಚ್ಚುಮೊಳೆ (ಗುರುವಾರ, ಬೆಳಿಗ್ಗೆ 6:05)

ವಕೀಲರು ಹೇಳುವುದು ಸರಿ. ಸಹಿ ಒಂದೇ ಬೇರೆ ಹಾಳೆಯಲ್ಲಿ ಇದ್ದರೆ ಯಾರಾದರೂ ಹಿಂದಿನ ಹಾಳೆ ಬದಲಿಸಬಹುದು.

ಲಿಬ್ರೆಆಫೀಸ್ ಇಂಗ್ಲಿಷಿಗೆ ಒಂದು ಫಾಂಟ್, ನಮ್ಮಂಥ ಲಿಪಿಗಳಿಗೆ ಇನ್ನೊಂದು ಫಾಂಟ್ ಇಟ್ಟುಕೊಂಡಿರುತ್ತದೆ. ಖಾಲಿ ಜಾಗದಲ್ಲಿ ನೀವು ಬದಲಿಸಿದ್ದು ಇಂಗ್ಲಿಷಿನ ಸೈಜನ್ನು. ಎಫ್ 11 ಒತ್ತಿ, ಡೀಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲ್ ತಿದ್ದಿ. ಫಾಂಟ್ ಪುಟದಲ್ಲಿ ನಮ್ಮಂಥ ಲಿಪಿಗಳಿಗೆ ಸಿಟಿಎಲ್ ಅಂತ ಬೇರೆ ಭಾಗ ಇರುತ್ತದೆ, ಅಲ್ಲಿ ಕನ್ನಡ ಫಾಂಟ್, ಸೈಜು, ಭಾಷೆ ಕನ್ನಡ ಅಂತ ಕೊಡಿ. ಗುಬ್ಬಿ, ನವಿಲು ಫಾಂಟುಗಳು ಮಿಂಟ್‌ನ ಸಂಗ್ರಹದಲ್ಲೇ ಇವೆ. ಕರಾರಿಗೆ ನನಗೆ ಗುಬ್ಬಿ ಇಷ್ಟ. ಇದನ್ನೇ ಟೆಂಪ್ಲೇಟ್ ಆಗಿ ಉಳಿಸಿ ಡೀಫಾಲ್ಟ್ ಮಾಡಿದರೆ ದಿನಾ ಈ ಗೋಳಿಲ್ಲ.

ಪುಟ ಹೆಚ್ಚಾಗುವುದಕ್ಕೆ ಕಾರಣ ಸಾಲಿನ ಎತ್ತರ. ಯೂನಿಕೋಡ್ ಫಾಂಟು ಒತ್ತಕ್ಷರಕ್ಕೆ ಅಂತ ಕೆಳಗೆ ಜಾಗ ಬಿಟ್ಟಿರುತ್ತದೆ. ಪ್ಯಾರಾಗ್ರಾಫ್‌ನಲ್ಲಿ ಲೈನ್ ಸ್ಪೇಸಿಂಗ್ ಫಿಕ್ಸೆಡ್ ಮಾಡಿ ಸ್ವಲ್ಪ ಸ್ವಲ್ಪವೇ ಇಳಿಸಿ. ಜಾಸ್ತಿ ಇಳಿಸಿದರೆ ಅಕ್ಷರದ ತಲೆ ಕತ್ತರಿಸುತ್ತದೆ. ‘ಸ್ತ್ರೀ’, ‘ರಾಷ್ಟ್ರ’ ಇರುವ ಸಾಲನ್ನು ಪ್ರಿಂಟ್ ತೆಗೆದು ನೋಡಿ, ಪರದೆ ನಂಬಬೇಡಿ.

ಮದುವೆ ಕಾರ್ಡಿನ ಕೆಲಸಕ್ಕೆ ಪುಟ ಜೋಡಿಸುವ ಸ್ಕ್ರೈಬಸ್ ತಂತ್ರಾಂಶ ಇದೆ. ಅದರ 1.4 ಆವೃತ್ತಿ ಅಂತ ಯಾರಾದರೂ ಕೊಟ್ಟರೆ ತಗೋಬೇಡಿ, ಅದರಲ್ಲಿ ಒತ್ತು ಪಕ್ಕದಲ್ಲಿ ಬಂದು ಕೂರುತ್ತದೆ. 2024ರ ಜನವರಿಯಲ್ಲಿ ಬಂದ 1.6 ಆಮೇಲಿನದ್ದೇ ಬೇಕು. ಆಫ್‌ಸೆಟ್‌ಗೆ ಬೇಕಾದ ನಾಲ್ಕು ಬಣ್ಣದ ಸಿಎಂವೈಕೆ ಪಿಡಿಎಫ್ ಅದರಿಂದ ಬರುತ್ತದೆ. ಹಳೇ ಪೇಜ್‌ಮೇಕರ್ ಫೈಲನ್ನೂ ತೆರೆಯುತ್ತದೆ, ಆದರೆ ಜೋಡಣೆ ಹಾಗೇ ಬರುತ್ತದೆ ಅಂತ ನೆಚ್ಚಿಕೊಂಡು ಗಿರಾಕಿಗೆ ಮಾತು ಕೊಡಬೇಡಿ. ಆ ಮೂರನೇ ಯಂತ್ರ ಇರಲಿ, ಇಂಟರ್ನೆಟ್ ವೈರು ಮಾತ್ರ ಕಿತ್ತುಬಿಡಿ.

ಪೆಂಗ್ವಿನ್ ಪ್ರಿಯ (ಗುರುವಾರ, ಬೆಳಿಗ್ಗೆ 9:30)

ಮೊನ್ನೆಯ ಸಲಹೆಗೆ ಕ್ಷಮಿಸಿ ಮೇಡಂ. ನಾನು ಹುಟ್ಟಾ ಯೂನಿಕೋಡ್‌ನವನು, ನುಡಿ ಆಸ್ಕಿ ಫೈಲ್ ಕೈಯಲ್ಲಿ ಹಿಡಿದೇ ಇರಲಿಲ್ಲ. ಎಲ್ಲ ಫೈಲನ್ನೂ ಒಟ್ಟಿಗೆ ಪರಿವರ್ತಿಸುವ ಸ್ಕ್ರಿಪ್ಟ್ ಬರೆದುಕೊಡಲಾ?

ಕಚೇರಿ ಎದುರು (ಶನಿವಾರ, ಸಂಜೆ 7:15)

ಬೇಡ ತಮ್ಮಾ, ಥ್ಯಾಂಕ್ಸ್. ಸಾವಿರದ ಚಿಲ್ಲರೆ ಫೈಲ್ ಇವೆ, ಅರ್ಧ ಗಿರಾಕಿಗಳು ತಿರುಗಿ ಬರುವುದಿಲ್ಲ. ಬಂದವರದ್ದನ್ನು ಬಂದಾಗ ಮಾಡುತ್ತೇನೆ.

ಕರಾರು ಮೂರು ಪುಟಕ್ಕೆ ಇಳಿಯಿತು. ಸೈಜ್ 13, ಸಾಲು 20 ಪಾಯಿಂಟ್, ‘ರಾಷ್ಟ್ರ’ ಪೂರ್ತಿ ಕಾಣುತ್ತದೆ. ಇವತ್ತು ಒಬ್ಬರು ಬಾಡಿಗೆ ಕರಾರಿನ ಒಂದು ಪ್ಯಾರಾವನ್ನು ವಾಟ್ಸಾಪ್‌ಗೆ ಕಳಿಸಿ ಅಂದರು. ಹಿಂದೆಲ್ಲ ಫೋಟೋ ತೆಗೆದು ಕಳಿಸುತ್ತಿದ್ದೆ. ಈ ಸಲ ಕಾಪಿ ಮಾಡಿ ಹಾಗೇ ಅಂಟಿಸಿದೆ, ಅವರ ಫೋನಿನಲ್ಲಿ ಕನ್ನಡವೇ ಬಂತು. ಹುಡುಗ ಮಾತ್ರ ‘ಅರ್ಜಿ’ ಟೈಪ್ ಮಾಡುವಾಗ ಇನ್ನೂ ಒಂಬತ್ತಿನ ಕಡೆಗೇ ಕೈ ಹಾಕುತ್ತಾನೆ. ಸದ್ಯಕ್ಕೆ ಅವನ ಕೀಲಿಮಣೆಯ 9ರ ಮೇಲೆ ಒಂದು ಸ್ಟಿಕರ್ ಅಂಟಿಸಿದ್ದೇನೆ.